ರಿಜಿಸ್ಟರಿನಲ್ಲಿ 130/80: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಈ ವಿಚಾರವಾಗಿ ನಿಮ್ಮ ಕಚೇರಿಗೆ ಮೂರು ಸಲ ಬಂದಿದ್ದೇನೆ. ಮೊದಲ ಸಲ ನಿಮ್ಮ ಆಪ್ತ ಸಹಾಯಕರು "ಸಾಹೇಬರ ಗಮನಕ್ಕೆ ತರ್ತೀವಿ ಮೇಡಂ" ಅಂದರು. ಎರಡನೇ ಸಲ ಅರ್ಜಿಗೆ ಸ್ವೀಕೃತಿ ಮೊಹರು ಒತ್ತಿಕೊಟ್ಟರು. ಮೂರನೇ ಸಲ ನಾನು ನಿಮ್ಮ ಬಾಗಿಲಲ್ಲಿ ಕೂತಿದ್ದಾಗ ನೀವು ನಮ್ಮೂರಲ್ಲೇ ಇದ್ದಿರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಸ ಕಟ್ಟಡದ ಗುದ್ದಲಿ ಪೂಜೆಯಲ್ಲಿ. ನಾನು ಬಸ್ಸಿನಲ್ಲಿ ಹೋದೆ, ನೀವು ಕಾರಿನಲ್ಲಿ ಬಂದಿರಿ, ದಾರಿಯಲ್ಲೆಲ್ಲೋ ದಾಟಿಕೊಂಡಿರಬೇಕು. ಇನ್ನು ಎಲ್ಲರ ಎದುರಿಗೇ ಬರೆಯುತ್ತೇನೆ.

ನಾನು ಕೇಳುವುದು ಒಂದೇ. ನಮ್ಮ ಆರೋಗ್ಯ ಕೇಂದ್ರದಲ್ಲಿ ರೋಗಿಯನ್ನು ನೋಡುವುದು ಹೇಗಿದೆ ಎಂದು ಹೊರಗಿನವರಿಂದ ಅಳೆಸಿ, ಬಂದ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿಸಿ. ಕಟ್ಟಡವನ್ನಲ್ಲ, ಫಿನಾಯಿಲ್ ವಾಸನೆಯನ್ನಲ್ಲ. ನೋಡುವುದನ್ನು.

ನಾನು 31 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು. ಪ್ರಯೋಗ ಮಾಡದೆ ಪಕ್ಕದವನ ರೆಕಾರ್ಡ್ ನೋಡಿ ರೀಡಿಂಗ್ ಬರೆಯುವ ಹುಡುಗರನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದೆ. ಅವರ ರೀಡಿಂಗುಗಳು ತುಂಬ ಚೆನ್ನಾಗಿರುತ್ತಿದ್ದವು. ನಿಜವಾಗಿ ಅಳೆದವನ ಅಂಕಿಗಳು ಅತ್ತಿತ್ತ ಅಲ್ಲಾಡುತ್ತವೆ. ಅಳೆಯದವನವು ಮಾತ್ರ ನೆಟ್ಟಗೆ ನಿಂತಿರುತ್ತವೆ.

ನಮ್ಮ ಮನೆಯವರಿಗೆ ಆರು ವರ್ಷದಿಂದ ಬಿಪಿ. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾತ್ರೆ ತರುವುದು ರೂಢಿ. ಸರ್ಕಾರಿ ಮಾತ್ರೆ ಒಳ್ಳೆಯದೇ, ಅದರ ಮೇಲೆ ನನ್ನ ದೂರಿಲ್ಲ. ಮೊದಮೊದಲು ತೋಳಿಗೆ ಪಟ್ಟಿ ಕಟ್ಟಿ ನೋಡುತ್ತಿದ್ದರು. ಆಮೇಲೆ "ಮಿಷನ್ ಬ್ಯಾಟರಿ ಮುಗಿದಿದೆ, ಮುಂದಿನ ತಿಂಗಳು ನೋಡೋಣ" ಶುರುವಾಯಿತು. ಎರಡು ತಿಂಗಳು ಕೇಳಿ ಸಾಕಾಗಿ ನಾನೇ ಅಂಗಡಿಯಿಂದ ನಾಲ್ಕು ಸೆಲ್ ತಂದುಕೊಟ್ಟೆ. ಲ್ಯಾಬಿನ ಅಭ್ಯಾಸ, ಪ್ರತಿ ಸೆಲ್ಲಿನ ಮೇಲೂ ತಾರೀಕು ಬರೆದಿದ್ದೆ. ಮುಂದಿನ ತಿಂಗಳು ಹೋದರೆ ಮತ್ತೆ ಬ್ಯಾಟರಿ ಇಲ್ಲ. ಅವತ್ತೇ ಗ್ರೂಪ್ ಡಿ ನೌಕರರೊಬ್ಬರು ಸ್ಟೂಲು ಹತ್ತಿ ಗೋಡೆ ಗಡಿಯಾರ ಇಳಿಸಿ ಸಮಯ ಸರಿಮಾಡುತ್ತಿದ್ದರು. ಅದರ ಬೆನ್ನಲ್ಲಿತ್ತು ನನ್ನ ಅಕ್ಷರದ ತಾರೀಕು. ಉಳಿದ ಮೂರು ಎಲ್ಲಿ ಹೋದವು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆದರೆ ಪುಸ್ತಕದಲ್ಲಿ ಮಾತ್ರ ಬಿಪಿ ತಪ್ಪದೆ ದಾಖಲಾಗುತ್ತಿತ್ತು. 130/80. ಮುಂದಿನ ತಿಂಗಳು 130/80. ಅದರ ಮುಂದಿನ ತಿಂಗಳೂ ಅದೇ. ನಾನು ತಿರುವಿ ನೋಡಿದಾಗ ಸಾಲಾಗಿ ಹದಿನಾಲ್ಕು ತಿಂಗಳು. ಒಂದು ತಿಂಗಳು ರಾಗಿ ಒಕ್ಕಣೆ ಇತ್ತೆಂದು ಇವರು ಹೋಗಿರಲೇ ಇಲ್ಲ, ಮಗ ಹೋಗಿ ಮಾತ್ರೆ ತಂದಿದ್ದ. ಆ ತಿಂಗಳೂ 130/80! ತೋಳು ಕಣದಲ್ಲಿ, ಬಿಪಿ ಆಸ್ಪತ್ರೆಯಲ್ಲಿ. ಇಂಥ ಪ್ರಯೋಗವನ್ನು ನನ್ನ ಸರ್ವಿಸಿನಲ್ಲಿ ಯಾವ ಹುಡುಗನೂ ಮಾಡಿ ತೋರಿಸಿರಲಿಲ್ಲ.

ಹದಿನೈದನೇ ತಿಂಗಳು, ಬೆಳಗಿನ ಜಾವ ಹಾಲು ಕರೆದು ಬಂದವರು ತಂಬಿಗೆ ಕೆಳಗಿಡಲು ಹೋಗಿ ಹಾಗೇ ಒರಗಿದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಏಳಲಿಲ್ಲ. 108 ಬಂತು, ಅದಕ್ಕೆ ನಾನು ಋಣಿ. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದಾಗ 210/120. ಅಲ್ಲಿನ ಡಾಕ್ಟರು "ಇಷ್ಟು ದಿನ ಬಿಪಿ ಚೆಕ್ ಮಾಡಿಸ್ತಿರಲಿಲ್ವಾ ಅಮ್ಮಾ?" ಎಂದು ಗದರಿದರು. ನಾನು ಪುಸ್ತಕ ತೆಗೆದುಕೊಟ್ಟೆ. ಅವರು ಎರಡು ಪುಟ ತಿರುವಿ ಮಾತಾಡದೆ ವಾಪಸ್ ಕೊಟ್ಟರು. ಆ ಮೌನ ನನಗೆ ಇನ್ನೂ ಕೇಳಿಸುತ್ತದೆ.

ಹನ್ನೊಂದು ದಿನ ಅಲ್ಲಿದ್ದೆವು. ಮಾಹಿತಿ ಹಕ್ಕಿನಲ್ಲಿ ನಮ್ಮ ಮನೆಯವರ ದಾಖಲೆ ಕೇಳಿದೆ. 30 ದಿನದಲ್ಲಿ ಕೊಡಬೇಕು ಎಂಬ ನಿಯಮ ನಿಮಗೆ ಗೊತ್ತಿರುವುದೇ. ನನಗೆ ಸಿಕ್ಕಿದ್ದು 94ನೇ ದಿನ. ಅದರಲ್ಲಿ, ಇವರು ಆಸ್ಪತ್ರೆಯ ಮಂಚದ ಮೇಲೆ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ ವಾರದಲ್ಲೇ, ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಇವರ ಬಿಪಿ 130/80. ಷರಾ: "ನಿಯಂತ್ರಣದಲ್ಲಿದೆ."

ಶಾಸಕರೇ, ಇದನ್ನು ಓದಿದ ಕೂಡಲೇ ನೀವೇನು ಮಾಡುತ್ತೀರಿ ಎಂಬುದೂ ನನಗೆ ಗೊತ್ತು. ಕ್ಯಾಮೆರಾದವರನ್ನು ಕಟ್ಟಿಕೊಂಡು ದಿಢೀರ್ ಭೇಟಿ ಕೊಡುತ್ತೀರಿ, ಆ ಅಂಕಿ ಬರೆಯುವ, ಗುತ್ತಿಗೆ ಮೇಲಿರುವ ಹುಡುಗಿಯನ್ನು ಎಲ್ಲರೆದುರು ಬೈದು ಮನೆಗೆ ಕಳಿಸುತ್ತೀರಿ. ದಯವಿಟ್ಟು ಅದೊಂದನ್ನು ಮಾಡಬೇಡಿ. ಆ ಹುಡುಗಿ ಒಬ್ಬಳೇ ಚುಚ್ಚುಮದ್ದು, ಹೆರಿಗೆ ಲೆಕ್ಕ, ಸಕ್ಕರೆ ಕಾಯಿಲೆ ಪಟ್ಟಿ, ಮೊಬೈಲಿನಲ್ಲಿ ಮೂರು ಆಪ್ ಎಲ್ಲ ನೋಡಬೇಕು. 30 ವರ್ಷ ದಾಟಿದವರನ್ನೆಲ್ಲ ತಪಾಸಣೆ ಮಾಡಿ ಇಷ್ಟು ಜನ ಆಯಿತು ಅಂತ ತಿಂಗಳ ಕೊನೆಗೆ ತೋರಿಸಬೇಕು. ಮೇಲಿನವರು ಕೇಳುವುದು ಎಷ್ಟು ಜನ ಅಂತ. ಅಳೆದೆಯಾ ಅಂತ ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಅವಳು ಯಾಕೆ ಉತ್ತರ ಬರೆಯಬೇಕು?

ಬಯ್ಯುವುದಾದರೆ ಇನ್ನೊಂದು ಕೇಳಿ. ಇವರು ಮನೆಗೆ ಬಂದ ಮೇಲೆ, ನಮ್ಮ ಆರೋಗ್ಯ ಕೇಂದ್ರದ ಅದೇ ವೈದ್ಯರು ಸಂಜೆ ಪೇಟೆಯಲ್ಲಿ ನಡೆಸುವ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. 200 ರೂಪಾಯಿ ಫೀಸು. ಕೂರಿಸಿ, ಐದು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು, ಎರಡೂ ತೋಳಿಗೆ ಪಟ್ಟಿ ಕಟ್ಟಿ ನೋಡಿದರು. ಕಣ್ಣಿಗೆ ಟಾರ್ಚು, ಕಾಲಿನ ಊತ, ಉಪ್ಪೆಷ್ಟು ತಿನ್ನುತ್ತೀರಿ ಎಂಬ ವಿಚಾರಣೆ. ಬಹಳ ಒಳ್ಳೆಯ ವೈದ್ಯರು, ವ್ಯಂಗ್ಯವಾಗಿ ಹೇಳುತ್ತಿಲ್ಲ. ಬೆಳಿಗ್ಗೆ ಗೊತ್ತಿಲ್ಲದ್ದು ಸಂಜೆ ಗೊತ್ತಾಗುವುದಿಲ್ಲವಲ್ಲ. ಬೆಳಿಗ್ಗೆಯೂ ಗೊತ್ತಿತ್ತು.

ಇದು ನಮ್ಮೂರಿನ ಒಂದು ಕಥೆ ಎಂದು ನೀವು ತಳ್ಳಿಹಾಕದಿರಲಿ ಅಂತ, ಮಗಳು ಬೆಂಗಳೂರಿನಿಂದ ತಂದುಕೊಟ್ಟ ಲೇಖನಗಳನ್ನು ಕನ್ನಡಕ ಹಾಕಿಕೊಂಡು ಓದಿದ್ದೇನೆ. ಜಿಷ್ಣು ದಾಸ್ ಎಂಬ ಅರ್ಥಶಾಸ್ತ್ರಜ್ಞರು ತಮ್ಮ ಸಂಗಡಿಗರ ಜೊತೆ ಮಧ್ಯಪ್ರದೇಶದ ಹಳ್ಳಿಗಳಲ್ಲಿ ಒಂದು ಕೆಲಸ ಮಾಡಿದರು. ಸಾಮಾನ್ಯ ಜನರನ್ನು ಆರಿಸಿ, ಎದೆನೋವು, ದಮ್ಮು ಇತ್ಯಾದಿ ಹೇಳಿಕೊಳ್ಳಲು ತರಬೇತಿ ಕೊಟ್ಟು, ಗುಟ್ಟಾಗಿ ವೈದ್ಯರ ಬಳಿಗೆ ಕಳಿಸಿದರು. ಹೊರಗೆ ಬಂದ ಮೇಲೆ ಏನು ಕೇಳಿದರು, ಏನು ಮುಟ್ಟಿ ನೋಡಿದರು ಎಂದು ಗುರುತು ಹಾಕಿಕೊಂಡರು. 2012ರಲ್ಲಿ ಪ್ರಕಟವಾದ ಲೆಕ್ಕ: ಒಬ್ಬ ರೋಗಿಗೆ ಸಿಕ್ಕಿದ್ದು ಸರಾಸರಿ 3.6 ನಿಮಿಷ, ಮಾಡಲೇಬೇಕಾದ ವಿಚಾರಣೆ ಮತ್ತು ಪರೀಕ್ಷೆಗಳಲ್ಲಿ ಆದದ್ದು ಸುಮಾರು ಮೂರನೇ ಒಂದು ಪಾಲು. ಡಿಗ್ರಿ ಇದ್ದವರೂ ಇಲ್ಲದವರೂ ಸೇರಿದ ಲೆಕ್ಕ ಅದು. 2016ರಲ್ಲಿ ಅವರದೇ ಇನ್ನೊಂದು ಅಧ್ಯಯನ ಬಂತು, ಅದರಲ್ಲಿ ಕಾರ್ತಿಕ್ ಮುರಳೀಧರನ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞರೂ ಇದ್ದರು. ಅದೇ ಸರ್ಕಾರಿ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ಕೂತಾಗ ಹೆಚ್ಚು ಶ್ರಮ ಹಾಕಿ ನೋಡುತ್ತಾರೆ, ಸರಿಯಾದ ಚಿಕಿತ್ಸೆಯನ್ನೂ ಹೆಚ್ಚು ಸಲ ಕೊಡುತ್ತಾರೆ ಎಂದು ಅದು ತೋರಿಸಿತು. ಓದುತ್ತಾ ನನಗೆ ನಗು ಬಂತು. ಇದನ್ನು ತಿಳಿಯಲು ಅವರಿಗೆ ಅಷ್ಟು ವರ್ಷ ಬೇಕಾಯಿತು, ನನಗೆ 200 ರೂಪಾಯಿ ಸಾಕಾಯಿತು.

ಹಾಜರಾತಿ ಯಂತ್ರ ಹಾಕಿಸಿದ್ದೇವಲ್ಲ ಎನ್ನುತ್ತೀರೇನೋ. ಹೆಬ್ಬೆಟ್ಟಿನ ಯಂತ್ರದ ಪರೀಕ್ಷೆ ನಮ್ಮ ರಾಜ್ಯದಲ್ಲೇ ಆಗಿದೆ, ಐದು ಜಿಲ್ಲೆಗಳ 322 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. ನರ್ಸು, ಫಾರ್ಮಸಿಸ್ಟು, ಲ್ಯಾಬಿನವರು ಮೊದಲಿಗಿಂತ ಹೆಚ್ಚು ದಿನ ಬಂದರು, ಹುಟ್ಟುವ ಮಕ್ಕಳ ತೂಕವೂ ಕೊಂಚ ಸುಧಾರಿಸಿತು. ವೈದ್ಯರ ಹಾಜರಿ ಮಾತ್ರ ಅಲ್ಲಾಡಲಿಲ್ಲ. ಗೈರಾದವರಿಗೆ ದಂಡ ಹಾಕಲು ಮೇಲಿನವರೇ ಹಿಂಜರಿದರು. ಯಾಕೆ ಹಿಂಜರಿದರು ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕಾಯಕಲ್ಪ ಪ್ರಶಸ್ತಿಯ ಫಲಕ ನಮ್ಮ ಕೇಂದ್ರದ ಗೋಡೆಯ ಮೇಲಿದೆ. ಸ್ವಚ್ಛತೆಗೆ ಕೊಟ್ಟದ್ದು, ಸ್ವಚ್ಛವಾಗಿಯೇ ಇದೆ. ರಾಷ್ಟ್ರೀಯ ಗುಣಮಟ್ಟ ಮಾನದಂಡಗಳಲ್ಲಿ ವೈದ್ಯಕೀಯ ಸೇವೆಗೂ ಒಂದು ವಿಭಾಗವಿದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಮ್ಮಲ್ಲಿಗೆ ಮೌಲ್ಯಮಾಪನದವರು ಬರುವ ದಿನ ಊರಿನ ನಾಯಿಗೂ ಗೊತ್ತಿತ್ತು. ಅವತ್ತು ಹೂಕುಂಡ ಬಂತು, ರಂಗೋಲಿ ಬಂತು, ಸೆಲ್ಲೂ ಬಂತು.

2001ರಲ್ಲಿ ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಕಾರ್ಯಪಡೆ ರಾಜ್ಯದ ಆರೋಗ್ಯ ವ್ಯವಸ್ಥೆಯ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ: ಈ ಮೂರು ಮಾತು ಅದರ ತಲೆಬರಹದಲ್ಲೇ ಇದ್ದವು. ಆಗ ಒಂದನೇ ತರಗತಿಗೆ ಸೇರಿದ ಮಕ್ಕಳು ಈಗ ತಮ್ಮ ಮಕ್ಕಳಿಗೆ ಲಸಿಕೆ ಹಾಕಿಸಲು ಅದೇ ಬೆಂಚಿನ ಮೇಲೆ ಕೂತಿದ್ದಾರೆ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಇನ್ನೂ ಕಟುವಾದ ಲೆಕ್ಕ ಕೊಟ್ಟಿತು. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆಯ ಹತ್ತಿರವೇ ಹೋಗದೆ ಸಾಯುವವರು ವರ್ಷಕ್ಕೆ 36 ಲಕ್ಷವಾದರೆ, ಹೋಗಿಯೂ ಚಿಕಿತ್ಸೆ ಸರಿಯಿಲ್ಲದೆ ಸಾಯುವವರು 50 ಲಕ್ಷ. ನೀವು ಹೊಸ ಕಟ್ಟಡ ಕಟ್ಟಿಸುತ್ತಿರುವುದು ಆ 36ರವರಿಗೆ. ನಾವು ಆ 50ರ ಕಡೆಯವರು. ನಾವು ತಪ್ಪದೆ ಹೋಗಿದ್ದೆವು ಸ್ವಾಮಿ, ಪ್ರತಿ ತಿಂಗಳೂ.

ಅಳೆಯುವುದು ಹೇಗೆ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗಳು ಕೇಳಬಹುದು. ಕಷ್ಟವೇನಿಲ್ಲ. ಬಿಪಿ ರಿಜಿಸ್ಟರಿನಿಂದ ಚೀಟಿ ಎತ್ತಿ 50 ಹೆಸರು ತೆಗೆಯಲಿ. ಜಿಲ್ಲೆಯಾಚೆಯ ಯಾವುದಾದರೂ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಹುಡುಗರು ಆ 50 ಮನೆಗೆ ಹೋಗಿ ಪಟ್ಟಿ ಕಟ್ಟಿ ನೋಡಲಿ, ರಿಜಿಸ್ಟರಿನ ಅಂಕಿಯ ಪಕ್ಕ ಬರೆಯಲಿ. ಕಳೆದ ಸಲ ನಿಮಗೆ ಪಟ್ಟಿ ಕಟ್ಟಿದ್ದರಾ ಅಂತ ಒಂದು ಪ್ರಶ್ನೆ ಕೇಳಲಿ. ಹೇಳದೆ ಕೇಳದೆ ತರಬೇತಾದ ರೋಗಿಗಳನ್ನು ಕಳಿಸುವುದು ಆಮೇಲೆ. ಯಾರ ಹೆಸರೂ ಬೇಡ, ಯಾರಿಗೂ ನೋಟಿಸ್ ಬೇಡ. ಇಷ್ಟು ಜನರಲ್ಲಿ ಇಷ್ಟು ಜನರಿಗೆ ಪಟ್ಟಿ ಕಟ್ಟಿದ್ದರು, ಇಷ್ಟು ಅಂಕಿ ತಾಳೆಯಾಯಿತು ಎಂದು ಗ್ರಾಮಸಭೆಯಲ್ಲಿ ಓದಲಿ. ಆರು ತಿಂಗಳಿಗೆ ಮತ್ತೆ ಓದಲಿ. ಹೊಸ ಕಟ್ಟಡದ ಬಾಗಿಲಿಗೆ ಹಾಕುವ ಗ್ರಾನೈಟ್ ನಾಮಫಲಕದ ಖರ್ಚಿನಲ್ಲಿ ಇಷ್ಟೂ ಆಗುತ್ತದೆ.

ಇಲಾಖೆಗಳ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆಗೆ ನೀವೇ ಅಧ್ಯಕ್ಷರು. ಆರೋಗ್ಯ ಇಲಾಖೆಯ ಸರದಿ ಬಂದಾಗ ಅಧಿಕಾರಿಗಳು ಪ್ರಗತಿ ಓದುತ್ತಾರೆ, ಶೇಕಡಾ ಎಷ್ಟು ಎನ್ನುತ್ತಾರೆ, ನೀವು "ಮುಂದಿನ ಇಲಾಖೆ" ಎನ್ನುತ್ತೀರಿ. ಈ ಸಲ ಹಾಗೆ ಅನ್ನುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಈ ಅಂಕಿ ಅಳೆದದ್ದೋ, ಬರೆದದ್ದೋ? ನಡಾವಳಿಯಲ್ಲಿ ಉತ್ತರ ದಾಖಲಾಗಲಿ. ಅಳೆಸಿ, ಗ್ರಾಮಸಭೆಯಲ್ಲಿ ಓದಿಸಿ. ಇಷ್ಟೇ ನನ್ನ ಬೇಡಿಕೆ, ನಾಲ್ಕನೇ ಸಲ ಹೇಳುತ್ತಿದ್ದೇನೆ.

ಸಭೆಯ ದಿನ ನಾವಿಬ್ಬರೂ ತಾಲ್ಲೂಕು ಪಂಚಾಯಿತಿ ಕಚೇರಿಗೆ ಬರುತ್ತೇವೆ. ಸಭಾಂಗಣ ಮಹಡಿ ಮೇಲಿದೆ, ಗಾಲಿಕುರ್ಚಿ ಹತ್ತುವುದಿಲ್ಲ, ಕೆಳಗೆ ಹೊಂಗೆ ಮರದಡಿ ಇರುತ್ತೇವೆ. ಇಳಿದು ಹೋಗುವಾಗ ಎರಡು ನಿಮಿಷ ನಿಂತರೆ ನಿಮ್ಮ ಎದುರೇ ಇವರ ತೋಳಿಗೆ ಪಟ್ಟಿ ಕಟ್ಟಿ ತೋರಿಸುತ್ತೇನೆ. ಮಿಷನ್ ನಮ್ಮದೇ, ಸೆಲ್ಲೂ ನಮ್ಮದೇ.

ಇತಿ,
ನಿಮ್ಮ ಕ್ಷೇತ್ರದ ಮತದಾರಳು,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕಿ