ಕೊನೆಯ ಸಾಲಿನವರೆಗೂ ಕೇಳಬೇಕಾದ ಹಾಡು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮದುವೆಯ ಸಂಭ್ರಮಕ್ಕೆ ಒಪ್ಪುವ ಇಂಗ್ಲಿಷ್ ಪ್ರೇಮಗೀತೆಗಳ ಪಟ್ಟಿಯೊಂದು ಪ್ರಕಟವಾಗಿತ್ತು. ಬ್ರಿಟನ್ನಿನ ಗಾಯಕ ಜೇಮ್ಸ್ ಬ್ಲಂಟ್ ಅವರ 'ಯೂ ಆರ್ ಬ್ಯೂಟಿಫುಲ್' ಹಾಡಿಗೆ ಅದರಲ್ಲಿ ಮೂರನೆಯ ಸ್ಥಾನ ಸಿಕ್ಕಿತ್ತು. ಬಾಳಸಂಗಾತಿಯ ಚೆಲುವನ್ನು ಕೊಂಡಾಡುವ ಗೀತೆ ಎಂಬ ವಿವರಣೆಯೂ ಜೊತೆಗಿತ್ತು. ಗುರುವಾರ ಓದುಗರೊಬ್ಬರು ಅದನ್ನು ಆಕ್ಷೇಪಿಸಿ ಪತ್ರ ಬರೆದು, ಇಷ್ಟು ಸವಕಲಾದ ಅಳುಮುಂಜಿ ಹಾಡನ್ನು ಇನ್ನೂ ಮೆಚ್ಚುವವರಿದ್ದಾರೆಯೇ ಎಂದು ಕೇಳಿದ್ದರು. ಹೊಗಳಿದವರೂ ತೆಗಳಿದವರೂ ಪಲ್ಲವಿಯ ಮೊದಲ ಮಾತನ್ನಷ್ಟೇ ಕೇಳಿ ಎದ್ದುಹೋದಂತೆ ನನಗೆ ಕಾಣುತ್ತದೆ. 15 ವರ್ಷಗಳಿಂದ ಗಿಟಾರ್ ಕಲಿಸುತ್ತ, ಈ ಹಾಡನ್ನು ವಿದ್ಯಾರ್ಥಿಗಳ ಜೊತೆ ಲೆಕ್ಕವಿಲ್ಲದಷ್ಟು ಸಲ ನುಡಿಸಿರುವ ನನಗೆ ಇದು ಸುಮ್ಮನಿದ್ದುಬಿಡುವ ವಿಷಯವಲ್ಲ. ಇದು ಕೈಗೆ ಸಿಕ್ಕ ಪ್ರೀತಿಯ ಹಾಡಲ್ಲ. ಸಿಗುವುದಿಲ್ಲವೆಂದು ಗೊತ್ತಾದ ಪ್ರೀತಿಯ ಹಾಡು.

ಹಾಡಿನಲ್ಲಿ ನಡೆಯುವುದು ಇಷ್ಟೇ. ಒಬ್ಬ ಗಂಡಸು ಜನಸಂದಣಿಯ ನಡುವೆ ಒಬ್ಬ ಹೆಣ್ಣನ್ನು ನೋಡುತ್ತಾನೆ. ಅವಳು ಅವನತ್ತ ನಸುನಗುತ್ತಾಳೆ. ಅವಳ ಜೊತೆ ಬೇರೊಬ್ಬನಿದ್ದಾನೆ. ಅವರವರ ದಾರಿ ಹಿಡಿದು ಅವರವರು ಹೋಗುತ್ತಾರೆ. ಅವಳನ್ನು ಇನ್ನೊಮ್ಮೆ ಕಾಣುತ್ತೇನೆಂದು ಅನ್ನಿಸುವುದಿಲ್ಲ ಎಂದು ಅವನೇ ಹೇಳುತ್ತಾನೆ. ಮಾತಿಲ್ಲ, ಹೆಸರಿಲ್ಲ, ಸುಮಾರು ಮೂರೂವರೆ ನಿಮಿಷದ ಹಾಡಿನಲ್ಲಿ ಘಟನೆ ಎಂಬುದು ಒಂದು ಗಳಿಗೆಯ ನೋಟ ಮಾತ್ರ. ಇದನ್ನು ಮದುಮಕ್ಕಳ ಮುಂದೆ ಹಾಡಿಸಿದರೆ ಏನಾಗುತ್ತದೆಂದು ಯೋಚಿಸಬೇಕು. ವಧುವಿನ ಕೈಹಿಡಿದು ಪಕ್ಕದಲ್ಲಿ ನಿಂತಿರುವ ವರ ಈ ಹಾಡನ್ನು ಹೇಳುತ್ತಿರುವ ಪ್ರೇಮಿಯಾಗುವುದಿಲ್ಲ. ಹಾಡಿನ ಲೆಕ್ಕದಲ್ಲಿ ಅವನು ಆ 'ಬೇರೊಬ್ಬ'.

ಇಂಗ್ಲಿಷಿನಲ್ಲಿ ಕಿವಿ ತಪ್ಪಿಸಿಕೊಂಡು ಹೋಗುವ ಒಂದು ಸಂಗತಿ, ಅದೇ ಕಥೆಯನ್ನು ಕನ್ನಡದಲ್ಲಿ ಹೇಳಿನೋಡಿದಾಗ ಥಟ್ಟನೆ ಹಿಡಿತಕ್ಕೆ ಸಿಗುತ್ತದೆ. ಚರಣಗಳಲ್ಲಿ ಆಕೆ 'ಅವಳು'; ಪಲ್ಲವಿಗೆ ಬಂದೊಡನೆ 'ನೀನು'. ನಕ್ಕಳು, ನೋಡಿದಳು ಎಂದು ಯಾರೋ ಮೂರನೆಯವರಿಗೆ ನಡೆದದ್ದನ್ನು ಒಪ್ಪಿಸುತ್ತಿದ್ದವನು, ಇದ್ದಕ್ಕಿದ್ದಂತೆ ಮುಖ ತಿರುಗಿಸಿ ಅವಳನ್ನೇ ಮಾತನಾಡಿಸತೊಡಗುತ್ತಾನೆ. ನಮ್ಮಲ್ಲಿ ಕ್ರಿಯಾಪದದ ತುದಿಯೇ ಬದಲಾಗುವುದರಿಂದ ಈ ತಿರುವನ್ನು ಮುಚ್ಚಿಡಲು ಬರುವುದಿಲ್ಲ. ಆದರೆ ಮಾತನಾಡಿಸುವ ಹೊತ್ತಿಗೆ ಅವಳು ಅಲ್ಲಿಲ್ಲ. ಎದುರಿಗಿದ್ದಾಗ ಬಾಯಿಗೆ ಬಾರದ ಮಾತು, ಅವಳು ಹೋದ ಮೇಲೆ, ಅವಳು ಕೇಳಿಸಿಕೊಳ್ಳಲಾರದ ಜಾಗದಲ್ಲಿ ಮೂರು ಮೂರು ಸಲ ಹೊರಬರುತ್ತದೆ. ಜಗತ್ತಿನ ಜನ ಹೊಗಳಿಕೆ ಎಂದುಕೊಂಡು ಗುನುಗುವ ಆ ಪಲ್ಲವಿ, ನನ್ನ ಮಟ್ಟಿಗೆ, ವಿಳಾಸವಿಲ್ಲದ ಪತ್ರ.

ಇನ್ನೊಂದನ್ನೂ ಗಮನಿಸಬೇಕು. ಅವಳ ಜೊತೆ ಬೇರೆಯವನನ್ನು ಕಂಡಾಗ ಅವನು, ಇದಕ್ಕಾಗಿ ನಿದ್ದೆಗೆಡುವುದಿಲ್ಲ, ನನ್ನ ಬಳಿ ಒಂದು ಉಪಾಯವಿದೆ ಎಂದು ಧೈರ್ಯದ ಮಾತಾಡುತ್ತಾನೆ. ಅದರ ಬೆನ್ನಿಗೇ ಬರುವ ಪಲ್ಲವಿಯಲ್ಲಿ, ಏನು ಮಾಡಬೇಕೋ ತಿಳಿಯದು ಎನ್ನುತ್ತಾನೆ. ಆ ಉಪಾಯ ಏನೆಂದು ಹಾಡು ಕೊನೆಗೂ ಹೇಳುವುದಿಲ್ಲ, ಏಕೆಂದರೆ ಉಪಾಯವೇ ಇರಲಿಲ್ಲ. ಒಮ್ಮುಖವಾಗಿ ಪ್ರೀತಿಸಿದವರಿಗೆಲ್ಲ ಈ ಸುಳ್ಳು ಗೊತ್ತು. ಎದೆ ಕುಸಿಯುವ ಮುನ್ನಿನ ಅರೆಕ್ಷಣದಲ್ಲಿ ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಅದು, ಮತ್ತು ಅದನ್ನು ಎರಡೇ ಸಾಲುಗಳ ಅಂತರದಲ್ಲಿ ಕಟ್ಟಿ ಕೆಡವಿರುವುದು ಸಾಮಾನ್ಯ ಕೈಚಳಕವಲ್ಲ.

ಬ್ಲಂಟ್ ಈ ಹಾಡನ್ನು ಸಾಷಾ ಸ್ಕಾರ್ಬೆಕ್ ಮತ್ತು ಅಮಂಡಾ ಗೋಸ್ಟ್ ಅವರೊಡನೆ ಸೇರಿ ರಚಿಸಿದರು. ಇದರ ಮೂಲ ಲಂಡನ್ನಿನ ಭೂಗತ ರೈಲಿನಲ್ಲಿದೆ: ತಮ್ಮ ಹಳೆಯ ಗೆಳತಿಯನ್ನು ಅವಳ ಹೊಸ ಸಂಗಾತಿಯ ಜೊತೆ ಅಲ್ಲಿ ಕಂಡದ್ದಾಗಿಯೂ, ಕಣ್ಣಿಗೆ ಕಣ್ಣು ಕೂಡಿದ ಆ ಗಳಿಗೆಯಲ್ಲಿ ಇಬ್ಬರೂ ಒಂದು ಜೀವಮಾನವನ್ನೇ ಬಾಳಿ, ಆದರೆ ಏನನ್ನೂ ಮಾಡದೆ ಮುಂದೆ ಸಾಗಿದ್ದಾಗಿಯೂ ಅವರೇ ಹೇಳಿಕೊಂಡಿದ್ದಾರೆ. ಹಾಡಿನಲ್ಲಿ ಮಾತ್ರ ಆ ಹಳೆಯ ಪರಿಚಯವನ್ನು ಅವರು ಒರೆಸಿಹಾಕಿದ್ದಾರೆ. ಅಲ್ಲಿರುವುದು 'ಸಬ್‌ವೇ' ಎಂಬ ಪದ. ಅಮೆರಿಕದವರಿಗೆ ಅದು ರೈಲು, ಬ್ರಿಟನ್ನಿನ ದಿನಬಳಕೆಯಲ್ಲಿ ರಸ್ತೆಯ ಕೆಳಗೆ ಜನ ನಡೆದು ದಾಟುವ ಸುರಂಗದಾರಿ. ಮುಂದೆ ಇಬ್ಬರೂ ನಡೆದು ಹೋಗುವ ಮಾತು ಬರುವುದರಿಂದ ನನಗೆ ಎರಡನೆಯ ಚಿತ್ರವೇ ಕಣ್ಣಮುಂದೆ ನಿಲ್ಲುತ್ತದೆ. ರೈಲಿನಲ್ಲಾದರೆ ಒಂದೆರಡು ನಿಲ್ದಾಣಗಳವರೆಗೆ ನೋಡುತ್ತ ಕೂರಬಹುದು. ಎದುರುಬದುರಾಗಿ ನಡೆದು ಬರುವವರಿಗೆ ಅಷ್ಟೂ ಅವಕಾಶವಿಲ್ಲ.

ಹಾಡು ಸವಕಲಾಗಿದೆ ಎಂಬ ದೂರಿಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ. ಈ ಹಾಡಿರುವ, 2004ರ ಅಕ್ಟೋಬರ್‌ನಲ್ಲಿ ಬಂದ 'ಬ್ಯಾಕ್ ಟು ಬೆಡ್ಲಮ್' ಆಲ್ಬಮ್ಮಿನ ಮೊದಲ ಎರಡು ಸಿಂಗಲ್‌ಗಳು, ಅಂದರೆ ಬಿಡಿಯಾಗಿ ಬಿಡುಗಡೆಯಾದ ಹಾಡುಗಳು, ದೊಡ್ಡ ಸದ್ದು ಮಾಡಿರಲಿಲ್ಲ. 2005ರ ಮೇ ಕೊನೆಯಲ್ಲಿ ಹೊರಬಂದ ಈ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಗೆ 12ನೆಯ ಸ್ಥಾನದಲ್ಲಿ ಕಾಲಿಟ್ಟು, ಕೇಳಿದವರು ಕೇಳದವರಿಗೆ ಹೇಳುತ್ತ ಹೋದ ಹಾಗೆ ಮೇಲೇರಿ, ಜುಲೈಯಲ್ಲಿ ಮೊದಲ ಸ್ಥಾನ ಮುಟ್ಟಿ 5 ವಾರ ಅಲ್ಲೇ ನಿಂತಿತು. 2006ರ ಮಾರ್ಚ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೂ ಏರಿತು. 1997ರಲ್ಲಿ ಎಲ್ಟನ್ ಜಾನ್ ಆ ಸ್ಥಾನದಲ್ಲಿದ್ದ ಮೇಲೆ ಬ್ರಿಟಿಷ್ ಗಾಯಕರೊಬ್ಬರು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಆ ದಶಕದಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ಮೂ 'ಬ್ಯಾಕ್ ಟು ಬೆಡ್ಲಮ್' ಆಯಿತು. ಅಷ್ಟಾದ ಮೇಲೆ ರೇಡಿಯೊದವರು ಬಿಡಲಿಲ್ಲ. ಹಗಲಿರುಳು ಹಾಕಿ ಹಾಕಿ, ಕೊನೆಗೆ ಇಂಗ್ಲೆಂಡಿನ ಎಸೆಕ್ಸ್‌ನ ಒಂದು ರೇಡಿಯೊ ಕೇಂದ್ರ ಕೇಳುಗರ ಒತ್ತಾಯಕ್ಕೆ ಮಣಿದು ಬ್ಲಂಟ್ ಹಾಡುಗಳನ್ನು ಪ್ರಸಾರದಿಂದಲೇ ತೆಗೆಯಬೇಕಾಯಿತು. ಜನರ ಗಂಟಲಿಗೆ ಇದನ್ನು ಬಲವಂತವಾಗಿ ತುರುಕಲಾಯಿತು ಎಂದು ಸ್ವತಃ ಗಾಯಕರೇ 2014ರಲ್ಲಿ ಒಪ್ಪಿಕೊಂಡರು. ಆದರೆ ಅತಿಯಾಗಿ ಬಳಸಿದ್ದು ಪ್ರಸಾರ ಮಾಡಿದವರ ತಪ್ಪು. ಅದನ್ನು ಹಾಡಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. 1999ರಲ್ಲಿ ಕೊಸೊವೊದಲ್ಲಿ ಬ್ರಿಟಿಷ್ ಸೇನಾಧಿಕಾರಿಯಾಗಿ ದುಡಿದ ಬ್ಲಂಟ್ ಬರೆದ ಹಾಡು ಅಳುಮುಂಜಿಯಾಗುವುದು ಹೇಗೆ ಎಂದು ಕೇಳಿ ವಾದ ಗೆಲ್ಲುವ ಆಸೆಯೂ ನನಗಿಲ್ಲ. ಹಾಡನ್ನು ಹಾಡಾಗಿಯೇ ನೋಡೋಣ.

ಕಲಿಸುವವನಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಗಿಟಾರಿನ ಎಂಟನೆಯ ಮೆಟ್ಟಿಗೆ ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಪಟ್ಟಿ, ಬಿಗಿದು, ಜಿ ಸ್ವರಮೇಳದ ಬೆರಳುಗಳಲ್ಲಿ ಇದನ್ನು ನುಡಿಸಿಸುತ್ತೇನೆ. ಅಷ್ಟು ಮೇಲೆ ಕೇಪೊ ಹಾಕಿದಾಗ ಗಿಟಾರಿನ ದನಿ ತೆಳ್ಳಗಾಗಿ, ತಂತಿಗಳಿಗೆ ಉಸಿರು ಸಾಲದೆಂಬಂತೆ ಕೇಳುತ್ತದೆ. ಚರಣದಲ್ಲಿ ಮಂದ್ರಸ್ವರ ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ನೋಟ ಕಂಡಲ್ಲಿಂದ ನೆಲಕ್ಕೆ ಇಳಿಯುವ ಹಾಗೆ. ಪಲ್ಲವಿ ತನ್ನ ಆಧಾರಸ್ವರದ ಮೇಲೆ ಶುರುವಾಗುವುದೇ ಇಲ್ಲ, ನಾಲ್ಕನೆಯ ಸ್ವರದಿಂದ ಹೊರಟು ತಡವಾಗಿ ಮನೆ ಸೇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆರಂಭದ ಆ ತಪ್ಪು ಹೆಜ್ಜೆ ಇದೆಯಲ್ಲ: ಬದುಕು ಸೊಗಸಾಗಿದೆ ಎಂಬ ಮೊದಲ ಸಾಲನ್ನು ಗಾಯಕ ಎತ್ತಿಕೊಂಡು, ಅಲ್ಲಿಗೇ ನಿಲ್ಲಿಸಿ, ವಾದ್ಯ ಮುಂದೆ ಹೋದ ಮೇಲೆ ಮತ್ತೆ ಅದೇ ಸಾಲಿನಿಂದ ಹೊರಡುತ್ತಾರೆ. ಹೊಸಬರು ಅದನ್ನು ಧ್ವನಿಮುದ್ರಣದ ದೋಷವೆಂದುಕೊಂಡು ಬಿಟ್ಟು ಹಾಡುತ್ತಾರೆ. ಬಿಡಬಾರದು ಎಂದು ನಾನು ಹಟ ಹಿಡಿಯುತ್ತೇನೆ. ಚೆನ್ನಾಗಿದ್ದೇನೆ ಎಂದು ಹೇಳಹೊರಟು ಗಂಟಲು ಕಟ್ಟಿ, ಸಾವರಿಸಿಕೊಂಡು ಮತ್ತೆ ಚೆನ್ನಾಗಿದ್ದೇನೆ ಎನ್ನುವವನ ಮಾತನ್ನು ಯಾರು ನಂಬುತ್ತಾರೆ? ಇಡೀ ಹಾಡಿನ ಸ್ಥಿತಿ ಆ ಒಂದು ಎಡವುವಿಕೆಯಲ್ಲೇ ಇದೆ.

ಇಲ್ಲಿ ನನ್ನ ವಾದಕ್ಕೆ ಅಡ್ಡಬರುವ ಮಾತೊಂದನ್ನು ಮರೆಮಾಚಬಾರದು. ಈ ಹಾಡು ಪ್ರಣಯದ ಹಾಡೇ ಅಲ್ಲ, ಅಮಲೇರಿದವನೊಬ್ಬ ಬೇರೆಯವನ ಗೆಳತಿಯ ಹಿಂದೆ ಬಿದ್ದ ಕಥೆ ಎಂದು ಬ್ಲಂಟ್ ಅವರೇ ಕಟುವಾಗಿ ಹೇಳಿದ್ದುಂಟು. ಅಮಲಿನ ಪ್ರಸ್ತಾಪ ಹಾಡಿನಲ್ಲಿ ಇರುವುದೂ ನಿಜ. ರೇಡಿಯೊಗಾಗಿ ಒಂದು ಒರಟು ಪದವನ್ನು ಬದಲಿಸಿ 'ಹಾರಾಟ' ಮಾಡಿದ್ದರಿಂದ ಅನೇಕರ ಕಿವಿಗೆ ಅದು ಬಿದ್ದಿಲ್ಲ. ಬರೆದವರ ಮಾತಿಗೆ ಬೆಲೆ ಕೊಡುತ್ತಲೇ ನಾನು ಭಿನ್ನವಾಗಿ ಯೋಚಿಸುತ್ತೇನೆ. ಹಿಂದೆ ಬೀಳುವವನು ಹಿಂಬಾಲಿಸುತ್ತಾನೆ, ವಿಳಾಸ ಹುಡುಕುತ್ತಾನೆ, ಒಪ್ಪಿಗೆಯಿಲ್ಲದ ಕಡೆ ಕೈಚಾಚುತ್ತಾನೆ. ಈ ಹಾಡಿನ ಮನುಷ್ಯ ಅದೊಂದನ್ನೂ ಮಾಡುವುದಿಲ್ಲ. ಅವನು ನೋಡಿದ, ನಡೆದುಹೋದ, ನೆನಪಿಟ್ಟುಕೊಂಡ. ಪ್ರೀತಿ ಒಂದೇ ಕಡೆ ಇದ್ದರೆ ಅದು ಶೃಂಗಾರ ರಸವಲ್ಲ, ರಸಾಭಾಸ, ಅಂದರೆ ರಸದ ತೋರಿಕೆಯಷ್ಟೇ, ಎಂದು ನಮ್ಮ ಕಾವ್ಯಲಾಕ್ಷಣಿಕರು ಬರೆದಿಟ್ಟಿದ್ದಾರೆ. ಎರಡೂ ಹೃದಯಗಳು ಪಾಲುಗೊಳ್ಳದ ಪ್ರೀತಿಯನ್ನು ತುಂಬು ಪ್ರೀತಿಯೆಂದು ಕರೆಯದಿರುವ ಅವರ ಎಚ್ಚರವನ್ನು ನಾನು ಗೌರವಿಸುತ್ತೇನೆ, ಮತ್ತು ಈ ಹಾಡೂ ಅದೇ ಎಚ್ಚರಕ್ಕೆ ಬಂದು ನಿಲ್ಲುತ್ತದೆಂದು ನನಗನ್ನಿಸುತ್ತದೆ.

ಏಕೆಂದರೆ ಕೊನೆಯಲ್ಲಿ ಆಗುವುದು ಇದು. ಮೊದಲ ಪಲ್ಲವಿಯಲ್ಲೇ ಅವಳು ತನಗೆ ಸಿಗುವುದಿಲ್ಲ ಎನ್ನುವ ಅವನು, ಅದನ್ನು ಸಂಕಟವಾಗಿ ಹೇಳುತ್ತಾನೆ. ಕಡೆಯ ಸುತ್ತಿನಲ್ಲಿ ಅವಳೊಡನೆ ನಾನಿರಬೇಕೆಂದು ಯಾವುದೋ ದೇವತೆ ಮುಗುಳ್ನಗುತ್ತ ಯೋಚಿಸಿರಬೇಕು ಎಂದು ಒಂದು ಗಳಿಗೆ ಕನಸಿಗೆ ಬಾಗಿಲು ತೆರೆದು, ಮರುಸಾಲಿನಲ್ಲೇ, ಸತ್ಯವನ್ನು ಎದುರಿಸುವ ಹೊತ್ತಾಯಿತು ಎನ್ನುತ್ತಾನೆ. ಮೊದಲು ಬಂದ ಅದೇ ನಿರಾಕರಣೆ ಈಗ ತೀರ್ಮಾನವಾಗಿ ಬರುತ್ತದೆ. ಅದಾದ ಮೇಲೆ ಪಲ್ಲವಿ ಮರಳುವುದಿಲ್ಲ. ಸುಂದರಿ ಎಂಬ ಮಾತಿನಿಂದ ಇಷ್ಟು ಪ್ರಸಿದ್ಧವಾದ ಹಾಡು ಮುಗಿಯುವುದು ಆ ಮಾತಿನಿಂದಲ್ಲ. ಸ್ಯಾಮ್ ಬ್ರೌನ್ ನಿರ್ದೇಶಿಸಿದ ವಿಡಿಯೊದಲ್ಲೂ ಹಾಗೆಯೇ: ಹಿಮದ ನಡುವೆ ಕುಳಿತ ಬ್ಲಂಟ್ ಅಂಗಿ ಕಳಚಿ, ಬೂಟು ಬಿಚ್ಚಿ, ಜೇಬಿನಲ್ಲಿದ್ದದ್ದನ್ನೆಲ್ಲ ತಮ್ಮೆದುರು ನೆಲದ ಮೇಲೆ ಸಾಲಾಗಿ ಜೋಡಿಸಿಟ್ಟು, ಬಂಡೆಯ ಅಂಚಿನಿಂದ ಸಮುದ್ರಕ್ಕೆ ಹಾರುತ್ತಾರೆ. ಹೆಣ್ಣಿನ ಮುಖ ಅಲ್ಲಿ ಕಾಣುವುದೇ ಇಲ್ಲ.

ಕಳೆದ ವರ್ಷ 17ರ ಹುಡುಗನೊಬ್ಬ ಈ ಹಾಡನ್ನು ಬೇಗ ಕಲಿಸಿಕೊಡಿ ಎಂದು ದುಂಬಾಲು ಬಿದ್ದ. ಯಾರಿಗಾಗಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಬೆರಳು ಕೂತ ಮೇಲೆ ಸಾಲು ಸಾಲಿನ ಅರ್ಥವನ್ನು ಕನ್ನಡದಲ್ಲಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಅವನು ಅಂಗೈಯಿಂದ ತಂತಿಗಳನ್ನು ಒತ್ತಿ ನಾದ ನಿಲ್ಲಿಸಿ, 'ಹಾಗಾದರೆ ಅವಳಿಗೆ ಗೊತ್ತೇ ಆಗುವುದಿಲ್ಲವೇ ಸರ್?' ಎಂದು ಕೇಳಿದ. ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿನಿಂದ, ಆ ಎಡವುವ ಸಾಲನ್ನೂ ಬಿಡದೆ, ಇಡೀ ಹಾಡನ್ನು ನುಡಿಸಿದ. ಅಷ್ಟು ಚೆನ್ನಾಗಿ ಅವನು ಅದಕ್ಕೆ ಮೊದಲು ನುಡಿಸಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು: ಪುರವಣಿಯ ಮುಂದಿನ ಸಂಚಿಕೆಯಲ್ಲಿ ಆ ವಿವರಣೆಯನ್ನು ದಯವಿಟ್ಟು ತಿದ್ದಿ. ಹಾಡನ್ನು ಪಟ್ಟಿಗಳಿಂದ ಕೈಬಿಡಬೇಕಾಗಿಲ್ಲ. ಮದುವೆಯ ಹಾಡುಗಳ ಸಾಲಿನಿಂದ ತೆಗೆದು ಅಗಲಿಕೆಯ ಹಾಡುಗಳ ಸಾಲಿನಲ್ಲಿ ಕೂರಿಸಿದರೆ ಸಾಕು.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಓದುಗ, ಗಿಟಾರ್ ಶಿಕ್ಷಕ