ಬಾಲಿ ಪ್ರವಾಸ: ಕಿಲೋಮೀಟರ್ ಲೆಕ್ಕ ಬಿಡಿ, ಗಂಟೆ ಲೆಕ್ಕ ಹಿಡಿಯಿರಿ

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನಿಂದ ಬಾಲಿಯ ಡೆನ್‌ಪಸಾರ್‌ಗೆ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ‘ಏಳು ದಿನ, ಇಪ್ಪತ್ತು ತಾಣ’ ಮಾದರಿಯ ಪ್ರವಾಸ ಪಟ್ಟಿಗಳು ಪುರವಣಿಗಳಲ್ಲೂ ಜಾಹೀರಾತುಗಳಲ್ಲೂ ಧಾರಾಳವಾಗಿ ಕಾಣುತ್ತಿವೆ. ಬೆಳಿಗ್ಗೆ ಪೂರ್ವದ ತುದಿಯ ಲೆಂಪುಯಾಂಗ್ ಗುಡಿ, ಮಧ್ಯಾಹ್ನ ಬೆಡುಗುಲ್‌ನ ಸರೋವರದ ಗುಡಿ, ಸಂಜೆ ತನಾ ಲೋಟ್‌ನಲ್ಲಿ ಸೂರ್ಯಾಸ್ತ. ನಕ್ಷೆ ನೋಡಿದರೆ ಎಲ್ಲವೂ ಪಕ್ಕಪಕ್ಕದಲ್ಲೇ ಇವೆ. ಇಡೀ ದ್ವೀಪ ಸುಮಾರು 5,780 ಚದರ ಕಿ.ಮೀ., ಅಂದರೆ ನಮ್ಮ ಒಂದೂವರೆ ಕೊಡಗಿನಷ್ಟೂ ಇಲ್ಲ. ಆದರೂ ಈ ಪಟ್ಟಿ ಹಿಡಿದು ಹೋದವರ ರಜೆಯ ಬಹುಪಾಲು ಕಾರಿನ ಹಿಂದಿನ ಸೀಟಿನಲ್ಲೇ ಮುಗಿಯುತ್ತದೆ. ಇದಕ್ಕೆ ಟ್ರಾಫಿಕ್ ಅರ್ಧ ಕಾರಣ. ಉಳಿದರ್ಧ, ಬಾಲಿ ಜ್ವಾಲಾಮುಖಿಗಳು ಕಟ್ಟಿದ ದ್ವೀಪ ಎಂಬುದನ್ನು ಪಟ್ಟಿ ಮಾಡಿದವರು ಮರೆತಿರುವುದು.

ದ್ವೀಪದ ನಡುವೆ ಪೂರ್ವ–ಪಶ್ಚಿಮವಾಗಿ ಆಗುಂಗ್, ಬಾತೂರ್, ಬತುಕರು ಬೆಟ್ಟಗಳು ಸಾಲಾಗಿ ನಿಂತಿವೆ. ಬಾತೂರ್‌ನ ಪ್ರಾಚೀನ ಮಹಾಸ್ಫೋಟಗಳು ಸುರಿದ ಬೂದಿ ದಕ್ಷಿಣದ ಇಳಿಜಾರಿನಲ್ಲಿ ದಪ್ಪನೆಯ ಮೆದುಕಲ್ಲಾಗಿ ಕೂತಿದೆ. ಆಯುಂಗ್, ಪೆತಾನು, ಪಕೆರಿಸಾನ್ ನದಿಗಳು ಆ ಮೆದುಕಲ್ಲನ್ನು ಕೊರೆದು ಆಳದ ಕಮರಿಗಳನ್ನು ಮಾಡಿವೆ. ಊರುಗಳು ಕಮರಿಗಳ ನಡುವಿನ ಏಣುಗಳ ಮೇಲಿವೆ, ರಸ್ತೆಗಳೂ ಏಣು ಹಿಡಿದೇ ಬೆಟ್ಟದಿಂದ ಸಮುದ್ರಕ್ಕೆ ಇಳಿಯುತ್ತವೆ. ಮೇಲಿನಿಂದ ಕೆಳಕ್ಕೆ ಹೋಗುವುದು ಸಲೀಸು, ಅಡ್ಡ ಹಾಯುವುದೇ ಕಷ್ಟ. ಕಣ್ಣೆದುರಿಗಿರುವ ಆಚೆ ಏಣಿನ ಊರಿಗೆ ಹೋಗಬೇಕಾದರೂ ಎಷ್ಟೋ ಕಡೆ ಕೆಳಗಿನ ಪೇಟೆಯವರೆಗೆ ಇಳಿದು, ಸೇತುವೆ ದಾಟಿ, ಮತ್ತೆ ಹತ್ತಬೇಕು. ಹಾಗಾಗಿ ವಿಮಾನ ನಿಲ್ದಾಣದಿಂದ ಉಬುದ್ ಪೇಟೆಗೆ ಮೂವತ್ತೇಳು ಕಿ.ಮೀ. ಇದ್ದರೂ ಒಂದೂವರೆ ಗಂಟೆ ಹಿಡಿಯುತ್ತದೆ, ಸಂಜೆ ಹೊತ್ತಾದರೆ ಎರಡು ಗಂಟೆ ಮೀರುತ್ತದೆ. ಬಾಲಿಯಲ್ಲಿ ಗಂಟೆಗೆ ಇಪ್ಪತ್ತೈದು ಕಿ.ಮೀ. ಎಂದು ಲೆಕ್ಕ ಹಾಕಿಕೊಂಡರೆ ಮೋಸವಿಲ್ಲ. ಇನ್ನು ಮುಂದೆ ಇಂಥ ಪಟ್ಟಿ ಅಚ್ಚು ಮಾಡುವಾಗ ಕಿಲೋಮೀಟರ್ ಬದಲು ಗಂಟೆ ಕೊಡಿ ಎಂಬುದು ಈ ಪತ್ರದ ವಿನಂತಿ.

ನಿಧಾನವಾಗಿ ಒಂದು ವಾರ ಕಳೆಯಬೇಕೆನ್ನುವವರಿಗೆ ಎರಡೇ ಬಿಡಾರ ಸಾಕು. ಉಬುದ್ ಆಸುಪಾಸಿನಲ್ಲಿ ಮೂರು ರಾತ್ರಿ, ಈಶಾನ್ಯ ಕರಾವಳಿಯ ಆಮೆದ್‌ನಲ್ಲಿ ಮೂರು ರಾತ್ರಿ. ಕೊನೆಯ ಒಂದು ರಾತ್ರಿ ಮಾತ್ರ ವಿಮಾನ ನಿಲ್ದಾಣಕ್ಕೆ ಹತ್ತಿರದ ಸನೂರ್. ಈ ಕ್ರಮವನ್ನು ಹಿಂದುಮುಂದು ಮಾಡಬಾರದು: ಬೆಟ್ಟ ಮೊದಲು, ಸಮುದ್ರ ಆಮೇಲೆ. ಆಮೆದ್–ತುಲಂಬೆನ್ ಕಡೆ ಹೋದವರು ಸ್ಕೂಬಾ ಡೈವಿಂಗ್ ಆಸೆ ಬಿಡುವುದಿಲ್ಲ. ನೀರಿನಾಳದ ಒತ್ತಡದಲ್ಲಿ ರಕ್ತ, ಮಾಂಸಖಂಡಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಹೋದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ತೊಂದರೆ ಕೊಡಬಹುದು. ಹಲವು ದಿನ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಬಿಡಬೇಕು, 24 ಬಿಟ್ಟರೆ ಇನ್ನೂ ಒಳ್ಳೆಯದು. ವಿಮಾನದ ಈ ನಿಯಮ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ಕಾರಿನಲ್ಲಿ ಬಾತೂರ್ ಪಕ್ಕದ, 1,400 ಮೀಟರ್ ಆಸುಪಾಸಿನ ಕಿಂತಾಮಣಿ ಏರುವುದೂ ಅದೇ ಜಾತಿಯ ಅಪಾಯ ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಉಬುದ್‌ನಲ್ಲಿ ಇರುವಷ್ಟು ದಿನ ‘ಒಂದು ದಿನಕ್ಕೆ ಒಂದೇ ಏಣು’ ಎಂದು ಇಟ್ಟುಕೊಳ್ಳಿ. ಬಂದಿಳಿದ ದಿನ ಏನೂ ಬೇಡ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ರಾತ್ರಿ ವಿಮಾನದಲ್ಲಿ ಬಂದವರಿಗೆ ಆ ದಿನ ನಿದ್ದೆಯದೇ. ಮರುದಿನ ಚಂಪುಹಾನ್ ಏಣಿನ ಕಾಲುದಾರಿಯಲ್ಲಿ ನಡೆದು ಬನ್ನಿ. ವೋಸ್ ನದಿಯ ಎರಡು ಕವಲುಗಳು ಕೂಡುವ ಸಂಗಮದಿಂದ ಹೊರಡುವ ಈ ದಾರಿಯಲ್ಲಿ ನಡೆದರೆ ಮೇಲೆ ಹೇಳಿದ ಭೂಗೋಳ ಕಾಲಿಗೇ ಅರ್ಥವಾಗುತ್ತದೆ. ನೆರಳಿಲ್ಲ, ಏಳಕ್ಕೆ ಮೊದಲೇ ಹೊರಡಬೇಕು. ಮೂರನೆಯ ದಿನ ತಂಪಕ್‌ಸಿರಿಂಗ್ ರಸ್ತೆ. ಪಕೆರಿಸಾನ್ ಕಮರಿಯ ಬೂದಿಗಲ್ಲಿನಲ್ಲೇ ಹನ್ನೊಂದನೆಯ ಶತಮಾನದಲ್ಲಿ ಕೊರೆದ ಗುನುಂಗ್ ಕಾವಿ ಸ್ಮಾರಕಗಳು ಮತ್ತು ತೀರ್ಥ ಎಂಪುಲ್ ಚಿಲುಮೆ ಎರಡೂ ಇದೇ ದಾರಿಯಲ್ಲಿವೆ. ಗುನುಂಗ್ ಕಾವಿಗೆ ಇಳಿಯಲು ಇನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲು, ವಾಪಸು ಬರುವಾಗ ಅಷ್ಟನ್ನೂ ಬಿಸಿಲಿನಲ್ಲಿ ಹತ್ತಬೇಕು. ಮಂಡಿನೋವಿನ ಹಿರಿಯರಿದ್ದರೆ ತೀರ್ಥ ಎಂಪುಲ್ ಒಂದೇ ಸಾಕು. ಗುಡಿಗಳಲ್ಲಿ ಸಾರೋಂಗ್, ಸೊಂಟಕ್ಕೊಂದು ಪಟ್ಟಿ ಕಡ್ಡಾಯ. ನಮ್ಮ ಪಂಚೆ, ಶಲ್ಯ ಒಯ್ದರೆ ಅದೇ ಆಗುತ್ತದೆ.

ಲೆಂಪುಯಾಂಗ್ ‘ಸ್ವರ್ಗದ ಬಾಗಿಲ’ನ್ನು ಬಿಟ್ಟುಬಿಡಿ ಎಂಬುದು ನೇರ ಸಲಹೆ. ಚಿತ್ರಗಳಲ್ಲಿ ಕಾಣುವ ನೀರು ಅಲ್ಲಿ ಇಲ್ಲವೇ ಇಲ್ಲ. ಫೋನಿನ ಕ್ಯಾಮೆರಾದಡಿ ಕನ್ನಡಿ ಹಿಡಿದು ತೆಗೆಯುವ ಪ್ರತಿಬಿಂಬ ಅದು. ಅದಕ್ಕಾಗಿ ಗಂಟೆಗಟ್ಟಲೆ ಸರದಿ.

ನಾಲ್ಕನೆಯ ದಿನ ಆಮೆದ್‌ಗೆ ಹೋಗುವ ದಾರಿಯಲ್ಲೇ ಬಾತೂರ್ ನೋಡಬಹುದು. ಉಬುದ್‌ನಿಂದ ಎಂಟಕ್ಕೆ ಹೊರಟರೆ ಒಂಬತ್ತೂಕಾಲರ ಹೊತ್ತಿಗೆ ಪೆನೆಲೋಕನ್ ಅಂಚು ಸಿಗುತ್ತದೆ. ಹತ್ತು ಕಿ.ಮೀ.ಗೂ ಅಗಲವಾಗಿ ಕುಸಿದ ಜ್ವಾಲಾಮುಖಿಯ ಬಾಯಿ, ಅದರೊಳಗೆ ಅರ್ಧಚಂದ್ರದಂಥ ಸರೋವರ, ನಡುವೆ 1,717 ಮೀಟರ್‌ನ ಹೊಸ ಶಿಖರ, ಅದರ ಮೈಮೇಲೆ ಕಪ್ಪು ಲಾವಾ ಹರಿದ ಗುರುತು. 1926ರ ಲಾವಾ ಕೆಳಗಿದ್ದ ಬಾತೂರ್ ಹಳ್ಳಿಯನ್ನೂ ಅದರ ಗುಡಿಯನ್ನೂ ಮುಚ್ಚಿಹಾಕಿತು. ಹಳ್ಳಿಯವರು ಮೇಲಿನ ಅಂಚಿಗೆ ಬಂದು ನೆಲೆಸಿ ಗುಡಿಯನ್ನೂ ಅಲ್ಲೇ ಕಟ್ಟಿಕೊಂಡರು. ಹನ್ನೊಂದರ ನಂತರ ಹೋದರೆ ಮೋಡ ಮುಚ್ಚಿ ಬಿಳಿ ಗೋಡೆಯೊಂದೇ ಕಾಣುವ ಸಂಭವ ಹೆಚ್ಚು. ಪ್ಯಾಕೇಜಿನವರು ಕರೆತರುವುದು ಹೆಚ್ಚಾಗಿ ಮಧ್ಯಾಹ್ನದ ಬಫೆ ಊಟದ ಹೊತ್ತಿಗೆ. ಇಲ್ಲಿನ ಇಳಿಜಾರಿನಲ್ಲಿ ಕಿತ್ತಳೆ ಗಿಡಗಳ ನಡುವೆ ಅರೇಬಿಕಾ ಬೆಳೆಯುತ್ತಾರೆ. ಚಿಕ್ಕಮಗಳೂರು, ಕೊಡಗಿನವರು ತೋಟದ ಒಳಗೆ ಹೋಗಿ ನೋಡುವಂಥದ್ದು. ಪುನುಗು ಬೆಕ್ಕನ್ನು ಪಂಜರದಲ್ಲಿಟ್ಟು, ಅದು ತಿಂದು ಹೊರಹಾಕಿದ ಬೀಜದಿಂದ ಮಾಡುವ ‘ಲುವಾಕ್’ ಕಾಫಿಯ ಅಂಗಡಿಗೆ ಡ್ರೈವರ್ ತಿರುಗಿಸಿದರೆ ಬೇಡ ಎನ್ನಿ.

ಶಿಖರ ಹತ್ತಿ ಸೂರ್ಯೋದಯ ನೋಡಬೇಕೆನ್ನುವವರು ಉಬುದ್‌ನ ಒಂದು ರಾತ್ರಿ ಕಡಿಮೆ ಮಾಡಿ ಸರೋವರದ ದಡದ ತೋಯ ಬುಂಗ್ಕಾದಲ್ಲಿ ಉಳಿಯಲಿ. ದಕ್ಷಿಣದ ಹೋಟೆಲಿನಿಂದ ರಾತ್ರಿ ಒಂದೂವರೆಗೆ ಎಬ್ಬಿಸಿ ಕರೆತರುವ ಪ್ಯಾಕೇಜಿನಲ್ಲಿ ಆ ದಿನವೂ ಹಾಳು, ಮರುದಿನವೂ ಹಾಳು. ಇಲ್ಲೇ ಮಲಗಿದರೆ ಮೂರೂವರೆಗೆ ಎದ್ದು ನಾಲ್ಕಕ್ಕೆ ಸ್ಥಳೀಯ ಗೈಡ್ ಜೊತೆ ಹೊರಡಬಹುದು. ಹತ್ತಲು ಸುಮಾರು ಎರಡು ಗಂಟೆ. ಕೊನೆಯ ಭಾಗದಲ್ಲಿ ಸಡಿಲ ಲಾವಾ ಹರಳು, ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ. ಬಿದ್ದು ಪೆಟ್ಟಾಗುವುದು ಇಳಿಯುವಾಗ. ಅಡಿ ಸವೆದ ಬೂಟು, ಚಪ್ಪಲಿ ಎರಡೂ ಬೇಡ. ತಲೆಗೆ ಕಟ್ಟುವ ಟಾರ್ಚ್, ಒಂದು ಲೀಟರ್ ನೀರು, ಗಾಳಿ ತಡೆಯುವ ಜಾಕೆಟ್ ಇರಲಿ. ಬೆವರಿ ನಿಂತ ಮೈಗೆ ಮುಂಜಾವಿನ ಚಳಿ ಚೆನ್ನಾಗಿಯೇ ಹಿಡಿಯುತ್ತದೆ. ಇಳಿದ ಮೇಲೆ ಬಿಸಿನೀರಿನ ಕೊಳಗಳಿವೆ.

ಪೆನೆಲೋಕನ್ ಅಂಚಿನಿಂದ ಉತ್ತರಕ್ಕೆ ಕುಬುತಂಬಹಾನ್ ಕಡೆ ಇಳಿದು ಕರಾವಳಿ ಹಿಡಿದರೆ ಎರಡೂವರೆ–ಮೂರು ಗಂಟೆಯಲ್ಲಿ ಆಮೆದ್. ಮರಳು ಕಪ್ಪು, ಕಲ್ಲು ಹೆಚ್ಚು. ಬಿಳಿ ಮರಳು ಬೇಕಾದವರು ದಕ್ಷಿಣದ ಬುಕಿತ್ ಕಡೆಗೆ ಹೋಗಬೇಕು, ಅದು ಸುಣ್ಣಕಲ್ಲಿನ ನೆಲ. ಕಪ್ಪು ಮರಳು ಹನ್ನೊಂದರ ಹೊತ್ತಿಗೆ ಕಾದ ಕಾವಲಿ, ನೀರಿಗಿಳಿಯುವ ರಬ್ಬರ್ ಬೂಟು ಊರಿನಿಂದಲೇ ಒಯ್ಯಿರಿ. ಜೆಮೆಲುಕ್ ಕೊಲ್ಲಿಯಲ್ಲಿ ದಡದಿಂದ ಸ್ವಲ್ಪ ದೂರ ಈಜಿದರೆ ಹವಳ ಶುರು, ದೋಣಿ ಬೇಕಿಲ್ಲ. ಪಕ್ಕದ ತುಲಂಬೆನ್‌ನಲ್ಲಿ 1942ರಲ್ಲಿ ಜಪಾನಿ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿದ ಅಮೆರಿಕದ ಸರಕು ಹಡಗು ‘ಲಿಬರ್ಟಿ’ ಇದೆ. ದಡಕ್ಕೆ ಎಳೆದು ಬಿಟ್ಟಿದ್ದ ಆ ಹಡಗನ್ನು 1963ರ ಆಗುಂಗ್ ಸ್ಫೋಟದ ಕಂಪನ ನೀರಿಗೆ ಜಾರಿಸಿತು. ಅದೇ ಸ್ಫೋಟ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಹಡಗಿನ ಮೇಲ್ಭಾಗ ಐದಾರು ಮೀಟರ್ ಆಳದಲ್ಲೇ ಇರುವುದರಿಂದ ಮುಖವಾಡ, ಉಸಿರುಕೊಳವೆ ಹಾಕಿಕೊಂಡು ಮೇಲೆ ತೇಲುವವರಿಗೂ ಕಾಣುತ್ತದೆ. ಎಂಟರೊಳಗೆ ನೀರಿಗಿಳಿದರೆ ದಕ್ಷಿಣದಿಂದ ಬರುವ ಗುಂಪುಗಳಿಗಿಂತ ಮೊದಲೇ ಮುಗಿಯುತ್ತದೆ.

ಊಟದ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ‘ಹಿಂದೂ ದ್ವೀಪ, ಸಸ್ಯಾಹಾರಕ್ಕೆ ಕೊರತೆಯಿಲ್ಲ’ ಎಂಬ ನಂಬಿಕೆಯಿಂದ. ಬಾಲಿಯವರ ಹಬ್ಬದೂಟವೇ ಹಂದಿ. ಬರೀ ಸೊಪ್ಪಿನ ಪಲ್ಯದಲ್ಲೂ, ಸಂಬಲ್ ಚಟ್ನಿಯಲ್ಲೂ ‘ತೆರಾಸಿ’ ಎಂಬ ಹುದುಗಿಸಿದ ಸೀಗಡಿ ಮುದ್ದೆ ಇರುತ್ತದೆ. ಹಪ್ಪಳದಲ್ಲೂ ಸೀಗಡಿ ಇರಬಹುದು. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಸಾಲದು, ‘ತನ್ಪಾ ತೆರಾಸಿ, ತನ್ಪಾ ಇಕಾನ್, ತನ್ಪಾ ತೆಲುರ್’ ಎನ್ನಿ: ತೆರಾಸಿ, ಮೀನು, ಮೊಟ್ಟೆ ಬೇಡ. ಸೋಯಾ ಕಾಳಿನ ತೆಂಪೆ, ತಾಹು, ಕಡಲೆಕಾಯಿ ಗೊಜ್ಜಿನ ಗಾದೊ-ಗಾದೊ, ಬಿಳಿ ಅನ್ನ ಎಲ್ಲ ಕಡೆ ಸಿಗುತ್ತವೆ. ಉಬುದ್‌ನಲ್ಲಿ ಸಸ್ಯಾಹಾರಿ ಹೋಟೆಲುಗಳು ಬೇಕಾದಷ್ಟಿವೆ, ಆಮೆದ್‌ನಲ್ಲಿ ಕಡಿಮೆ. ಚಟ್ನಿಪುಡಿ ಡಬ್ಬಿ ಅಲ್ಲಿ ಕೆಲಸಕ್ಕೆ ಬರುತ್ತದೆ. ನಲ್ಲಿ ನೀರು ಕುಡಿಯಬೇಡಿ. ರೇಬೀಸ್ ಇರುವ ದ್ವೀಪವಾದ್ದರಿಂದ ನಾಯಿಯೋ ಮಂಗವೋ ಕಚ್ಚಿದರೆ, ಗೀರಿದರೂ, ಹದಿನೈದು ನಿಮಿಷ ಸೋಪು ಹಾಕಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ನಮ್ಮ ಶಾಲೆಗಳ ಏಪ್ರಿಲ್–ಮೇ ರಜೆ ಅಲ್ಲಿ ಮಳೆ ಮುಗಿಯುವ ಕಾಲ, ಚೆನ್ನಾಗಿ ಹೊಂದುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಮಳೆ ಜೋರು. ಯುಗಾದಿಯ ರಜೆಗೆ ಹೊರಡುವವರು ಮಾತ್ರ ಟಿಕೆಟ್‌ಗೆ ಮುಂಚೆ ‘ನ್ಯೆಪಿ’ ದಿನಾಂಕ ನೋಡಲಿ. ಬಾಲಿಯವರೂ ಶಕ ವರ್ಷವನ್ನೇ ಎಣಿಸುವುದರಿಂದ ಅವರ ಹೊಸ ವರ್ಷದ ಮೌನದ ದಿನ ಕೆಲವು ಸಲ ನಮ್ಮ ಯುಗಾದಿಯ ಮಗ್ಗುಲಲ್ಲೇ ಬರುತ್ತದೆ. 2025ರಲ್ಲಿ ನ್ಯೆಪಿ ಮಾರ್ಚ್ 29, ಯುಗಾದಿ 30. ನ್ಯೆಪಿಯಂದು ಬೆಳಿಗ್ಗೆ ಆರರಿಂದ 24 ಗಂಟೆ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ, ಪ್ರವಾಸಿಗರೂ ಹೋಟೆಲಿನ ಅಂಗಳ ದಾಟುವಂತಿಲ್ಲ. ನಿಧಾನದ ರಜೆ ಬಯಸುವವರಿಗೆ ವಾರದ ನಡುವೆ ಇದು ಬಂದರೆ ಹಬ್ಬವೇ, ಹೊರಡುವ ದಿನ ಬಂದರೆ ಪೇಚು.

ಕಾಗದಪತ್ರ ಸುಲಭ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಇರಬೇಕು. 30 ದಿನದ ವೀಸಾ ಅಲ್ಲಿ ಇಳಿದ ಮೇಲೋ ಆನ್‌ಲೈನ್‌ನಲ್ಲೋ 5 ಲಕ್ಷ ರುಪಿಯಾ, 2024ರ ಫೆಬ್ರವರಿಯಿಂದ ಜಾರಿಗೆ ಬಂದ ಪ್ರವಾಸಿ ಸುಂಕ ತಲೆಗೆ ಒಂದೂವರೆ ಲಕ್ಷ. ಸೊನ್ನೆ ನೋಡಿ ಗಾಬರಿಯಾಗಬೇಡಿ, ಲಕ್ಷ ರುಪಿಯಾ ಎಂದರೆ ನಮ್ಮ ಐನೂರು ಚಿಲ್ಲರೆ ರೂಪಾಯಿ. ಡ್ರೈವರ್ ಸಹಿತ ಕಾರಿಗೆ ಹತ್ತು ಗಂಟೆಯ ದಿನಕ್ಕೆ ಸುಮಾರು 6ರಿಂದ 8 ಲಕ್ಷ. ಬಾಡಿಗೆ ಸ್ಕೂಟರ್ ಅಗ್ಗವೇ, ಆದರೆ ದ್ವಿಚಕ್ರಕ್ಕೂ ಅನ್ವಯಿಸುವ ಅಂತಾರಾಷ್ಟ್ರೀಯ ಪರವಾನಗಿ ಇಲ್ಲದೆ ಬಿದ್ದರೆ ವಿಮೆ ಕೈಕೊಡುತ್ತದೆ.

ಇನ್ನು ಬೂದಿ. 2017ರ ನವೆಂಬರ್‌ನಲ್ಲಿ ಆಗುಂಗ್ ಉಗುಳಿದಾಗ ನಿಲ್ದಾಣ ಎರಡು ದಿನಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಆದರೆ ಬಾಲಿಯ ವಿಮಾನಗಳನ್ನು ತಡೆಯುವ ಬೂದಿ ಬಾಲಿಯದೇ ಆಗಬೇಕಿಲ್ಲ. 2015ರಲ್ಲಿ ಪೂರ್ವ ಜಾವಾದ ರಾವುಂಗ್ ಅಡ್ಡಿ ಮಾಡಿತು. 2024ರ ನವೆಂಬರ್‌ನಲ್ಲಿ ಎಂಟುನೂರು ಕಿ.ಮೀ. ಆಚೆಯ ಫ್ಲೋರೆಸ್ ದ್ವೀಪದ ಲೆವೊಟೊಬಿ ಉಗುಳಿದ ಬೂದಿಯಿಂದ ಭಾರತದ ವಿಮಾನಗಳೂ ರದ್ದಾದವು. 2025ರ ಜೂನ್‌ನಲ್ಲಿ ದೆಹಲಿಯಿಂದ ಹೊರಟ ವಿಮಾನ ಅರ್ಧ ದಾರಿಯಿಂದ ಹಿಂದಿರುಗಿತು. ಬೂದಿ ಎಂದರೆ ಗಾಜಿನಂಥ ಕಲ್ಲಿನ ಪುಡಿ. ಜೆಟ್ ಎಂಜಿನ್ನಿನ ಶಾಖಕ್ಕೆ ಕರಗಿ, ಆಮೇಲೆ ಸಿಗುವ ಟರ್ಬೈನ್ ಬ್ಲೇಡುಗಳ ಮೇಲೆ ಹೆಪ್ಪುಗಟ್ಟಿ ಎಂಜಿನ್ ಉಸಿರು ಕಟ್ಟಿಸುತ್ತದೆ. ವಿಮಾನದ ಹವಾಮಾನ ರೇಡಾರ್‌ಗೆ ಅದು ಕಾಣುವುದೂ ಇಲ್ಲ. 1982ರಲ್ಲಿ ಜಾವಾದ ಗಲುಂಗುಂಗ್ ಬೂದಿಯೊಳಗೆ ಹೊಕ್ಕ ಜಂಬೊ ವಿಮಾನದ ನಾಲ್ಕೂ ಎಂಜಿನ್ ನಿಂತುಹೋಗಿದ್ದವು. ಆದ್ದರಿಂದ ವಿಮಾನ ರದ್ದಾಯಿತೆಂದು ಕೌಂಟರಿನ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ.

ಮಾಡಬಹುದಾದದ್ದು ಇಷ್ಟು. ‘ಮಾಗ್ಮಾ ಇಂಡೊನೇಷ್ಯಾ’ ಆ್ಯಪ್‌ನಲ್ಲಿ ಪ್ರತಿ ಬೆಟ್ಟದ ಎಚ್ಚರಿಕೆ ಮಟ್ಟ ಸಿಗುತ್ತದೆ: ನಾರ್ಮಲ್, ವಾಸ್ಪಾದ, ಸಿಯಾಗ, ಅವಾಸ್, ಕೊನೆಯದು ಅತಿ ಗಂಭೀರ. ಆಗುಂಗ್, ಬಾತೂರ್ ಜೊತೆಗೆ ಲೆವೊಟೊಬಿಯನ್ನೂ ನೋಡುತ್ತಿರಿ. ಪ್ರವಾಸ ವಿಮೆಯನ್ನು ಟಿಕೆಟ್ ಕೊಂಡ ದಿನವೇ ಕೊಳ್ಳಿ. ಸ್ಫೋಟದ ಸುದ್ದಿ ಬಂದ ಮೇಲೆ ಕೊಂಡ ವಿಮೆಗೆ ಅದು ‘ಮೊದಲೇ ಗೊತ್ತಿದ್ದ ಘಟನೆ’ಯಾಗಿ ಪರಿಹಾರ ಸಿಗುವುದಿಲ್ಲ. ಪಾಲಿಸಿಯಲ್ಲಿ ನೈಸರ್ಗಿಕ ವಿಕೋಪದಿಂದಾಗುವ ವಿಳಂಬ, ಹೆಚ್ಚುವರಿ ಹೋಟೆಲ್ ಖರ್ಚು ಸೇರಿದೆಯೇ ಎಂದು ಓದಿ ನೋಡಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ನಾಲ್ಕು ದಿನಕ್ಕೆ ಹೆಚ್ಚಾಗಿಯೇ ಇಟ್ಟುಕೊಳ್ಳಿ. ಭಾನುವಾರ ಬಂದಿಳಿದು ಸೋಮವಾರ ಕಚೇರಿಗೆ ಎಂಬ ಲೆಕ್ಕದಲ್ಲಿ ವಾಪಸು ಟಿಕೆಟ್ ಮಾಡಿಸಬೇಡಿ. ಶುಕ್ರವಾರ ಹೊರಡುವಂತೆ ಮಾಡಿಸಿದರೆ ಎರಡು ದಿನ ಕೈಯಲ್ಲಿರುತ್ತದೆ. ವಿಮಾನ ಹೊರಡುವುದೇ ಅನುಮಾನ ಎನಿಸಿದರೆ ಸನೂರ್ ಕೋಣೆ ಖಾಲಿ ಮಾಡುವ ಮುನ್ನವೇ ಇನ್ನೊಂದು ರಾತ್ರಿಗೆ ಹೇಳಿಡಿ, ಏಕೆಂದರೆ ರದ್ದಾದ ಸುದ್ದಿ ಹೊರಬಿದ್ದ ಮೇಲೆ ನಿಲ್ದಾಣದ ಸುತ್ತಲಿನ ಕೋಣೆಗಳ ಬೆಲೆ ಏರತೊಡಗುತ್ತದೆ.

ಇತಿ,
ನಿಮ್ಮ ಓದುಗ, ಬೆಂಗಳೂರು