‘ಡಾಲ್ಫಿನ್ ಗ್ಯಾರಂಟಿ’ ಎಂಬ ಕರಾರು ಬಿಡೋಣ

ಮಾನ್ಯ ಸಂಪಾದಕರೇ,

ದೀಪಾವಳಿ ಮುಗಿದರೆ ಸಾಕು, ಹುಬ್ಬಳ್ಳಿ-ಧಾರವಾಡದವರ ಕಾರು, ಟೆಂಪೊಗಳು ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಲು ಶುರು. ಶಾಲಾ ಪ್ರವಾಸದ ಬಸ್ಸುಗಳೂ ಅದೇ ಹೊತ್ತಿಗೆ ಹೊರಡುತ್ತವೆ. ಕಾರವಾರ, ಗೋಕರ್ಣದ ಪ್ರವಾಸಪಟ್ಟಿಯಲ್ಲಿ ಈಗ ‘ದೋಣಿಯಲ್ಲಿ ಡಾಲ್ಫಿನ್ ವೀಕ್ಷಣೆ’ ಎಂಬ ಸಾಲು ಇದ್ದೇ ಇರುತ್ತದೆ. ಅದರ ಜೊತೆಗೇ ‘ಗ್ಯಾರಂಟಿ’, ‘ಕಾಣದಿದ್ದರೆ ದುಡ್ಡು ವಾಪಸ್’ ಎಂಬ ಮಾತೂ ಬರುತ್ತದೆ. ಈ ಪತ್ರ ಬರೆಯುತ್ತಿರುವುದು ಆ ಕರಾರಿನ ಬಗ್ಗೆ. ಬರೀ ದೋಣಿಯವರನ್ನು ದೂರಿ ಪ್ರಯೋಜನವಿಲ್ಲ. ಗ್ಯಾರಂಟಿ ಕೇಳುವವರು ಘಟ್ಟದ ಮೇಲಿನಿಂದ ಹೋಗುವ ನಾವು. ನಾವು ಕೇಳುತ್ತೇವೆ ಎಂದೇ ಅವರು ಕೊಡುತ್ತಾರೆ.

ಆ ಕರಾರು ನೀರಿನ ಮೇಲೆ ಏನು ಮಾಡುತ್ತದೆ ನೋಡಿ. ದೋಣಿಯವನಿಗೆ ಒಂದು ಸುತ್ತಿಗೆ ಇಷ್ಟೇ ಪೆಟ್ರೋಲು ಎಂಬ ಲೆಕ್ಕ ಇರುತ್ತದೆ. ಅರ್ಧ ತಾಸಾದರೂ ಬೆನ್ನು ಕಾಣಲಿಲ್ಲವೆಂದರೆ ಆ ಸುತ್ತಿನ ದುಡಿಮೆ ಕೈಬಿಡುವ ಭಯ. ಹಾಗಾಗಿ ದೂರದಲ್ಲಿ ಒಂದು ರೆಕ್ಕೆ ಎದ್ದಿತೆಂದರೆ ಎಂಜಿನ್ ಪೂರ್ತಿ ಏರಿಸಿ ನೇರ ಅಲ್ಲಿಗೇ ಹೊಡೆಯುತ್ತಾನೆ. ಒಬ್ಬನಿಗೆ ಕಂಡಿದ್ದು ಫೋನಿನಲ್ಲಿ ಉಳಿದವರಿಗೂ ತಿಳಿಯುತ್ತದೆ, ನಾಲ್ಕು ದಿಕ್ಕಿನಿಂದ ದೋಣಿಗಳು ಕೂಡುತ್ತವೆ. ಪ್ರಾಣಿ ಮುಳುಗುತ್ತದೆ. ದೋಣಿಗಳು ಅದು ಮುಳುಗಿದ ಜಾಗಕ್ಕೇ ಬಂದು ನಿಲ್ಲುತ್ತವೆ. ಅದು ಇನ್ನೂರು ಮೀಟರ್ ಆಚೆ ಎದ್ದರೆ ಮತ್ತೆ ಎಲ್ಲರೂ ಅತ್ತ. ಮೂರನೇ ಸಲಕ್ಕೆ ಡಾಲ್ಫಿನ್ ಆ ಜಾಗವನ್ನೇ ಬಿಟ್ಟು ಹೋಗಿರುತ್ತದೆ. ಹಿಂದಿನಿಂದ ಬರುವ ದೋಣಿಯ ಜನಕ್ಕೆ ಬರೀ ನೀರು.

ನಮ್ಮ ಕರಾವಳಿಯಲ್ಲಿ ದಡದ ಹತ್ತಿರ ಹೆಚ್ಚಾಗಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಎರಡೂವರೆ ಮೀಟರ್ ಆಸುಪಾಸಿನ ಬೂದು ದೇಹ, ಬೆನ್ನ ನಡುವೆ ಉದ್ದನೆಯ ಗೂನು, ಗೂನಿನ ತುದಿಗೆ ಚಿಕ್ಕದೊಂದು ರೆಕ್ಕೆ. ಮೇಲೆ ಬರುವಾಗ ಮೊದಲು ಉದ್ದನೆಯ ಮೂತಿ ಓರೆಯಾಗಿ ನೀರಿನಿಂದ ಹೊರಬರುತ್ತದೆ, ಆಮೇಲೆ ಗೂನು ಬಿಲ್ಲಿನಂತೆ ಬಾಗಿ ಒಳಗೆ ಜಾರುತ್ತದೆ. ಇಷ್ಟೆಲ್ಲಾ ಎರಡು ಮೂರು ಸೆಕೆಂಡಿನ ಮಾತು. ಟಿವಿಯಲ್ಲಿ ಕಾಣುವ ಹಾಗೆ ಗಾಳಿಯಲ್ಲಿ ಲಾಗ ಹಾಕುವುದು ಅಪರೂಪ. ದೋಣಿಯ ಮುಂದೆ ಆಡುತ್ತಾ ಬರುವ ಜಾತಿಯೂ ಇದಲ್ಲ, ದೋಣಿ ಕಂಡರೆ ದೂರ ಸರಿಯುವುದೇ ಹೆಚ್ಚು. ಅಳಿವೆಯ ಬಾಯಿ, ಬಂಡೆಗಳ ಸುತ್ತ, ಇಪ್ಪತ್ತು ಇಪ್ಪತ್ತೈದು ಮೀಟರಿಗಿಂತ ಕಡಿಮೆ ಆಳದ ನೀರು ಇದರ ಮನೆ. ಅಂದರೆ ಬಲೆ, ಬಂದರು, ಕೊಳಚೆ, ಪ್ರವಾಸಿ ದೋಣಿ ಎಲ್ಲವೂ ಇದರ ಮನೆಯೊಳಗೇ ಇವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೇ ಅನುಸೂಚಿಯಲ್ಲೇ ಡಾಲ್ಫಿನ್‌ಗಳೂ ಇವೆ. ಹೆಣ್ಣು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತದೆ, ಅದೂ ಕೆಲವು ವರ್ಷಕ್ಕೊಮ್ಮೆ. ಹೋದ ಸಂಖ್ಯೆ ಬೇಗ ತುಂಬಿಬರುವುದಿಲ್ಲ.

ಎಂಜಿನ್ ಸದ್ದು ನಮಗೆ ಬರೀ ಕಿರಿಕಿರಿ, ಡಾಲ್ಫಿನ್‌ಗೆ ಹಾಗಲ್ಲ. ಕಲಕಿದ ಅಳಿವೆಯ ನೀರಿನಲ್ಲಿ ಅದು ಮೀನು ಹುಡುಕುವುದು, ಮರಿಯನ್ನು ಕರೆಯುವುದು ಸದ್ದಿನಿಂದಲೇ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಒಂದೇ ಹದದಲ್ಲಿ ನಿಧಾನವಾಗಿ ಓಡುವ ಎಂಜಿನ್‌ಗಿಂತ ಗಳಿಗೆಗೊಮ್ಮೆ ಏರಿಸಿ ಇಳಿಸುವ, ಗೇರು ಬದಲಿಸುವ ಎಂಜಿನ್ ಹೆಚ್ಚು ಕಾಡುತ್ತದೆ. ಬೆನ್ನಟ್ಟುವಾಗ ಆಗುವುದು ಸರಿಯಾಗಿ ಅದೇ.

ಹಾಗಾದರೆ ನೋಡುವುದು ಹೇಗೆ? ಮೊದಲು ದೋಣಿ ನಿಧಾನವಾಗಲಿ. 300 ಮೀಟರ್ ದೂರದಲ್ಲೇ ವೇಗ ಇಳಿಸಿ, ಹಿಂದೆ ಅಲೆ ಏಳದಷ್ಟು ಮೆಲ್ಲಗೆ ಸಾಗಬೇಕು. ಡಾಲ್ಫಿನ್ ಹೋಗುತ್ತಿರುವ ದಿಕ್ಕು ನೋಡಿಕೊಂಡು, ಅದರ ಪಕ್ಕಕ್ಕೆ ಸ್ವಲ್ಪ ಹಿಂದೆ, ಅದಕ್ಕೆ ಸಮಾನಾಂತರವಾಗಿ ಹೋಗಬೇಕು. ಎದುರಿನಿಂದ ಹೋದರೆ ದಾರಿ ಕಟ್ಟಿದಂತೆ, ನೇರ ಹಿಂದಿನಿಂದ ಹೋದರೆ ಅಟ್ಟಿದಂತೆ. ಗುಂಪಿನ ನಡುವೆ ದೋಣಿ ನುಗ್ಗಿಸಿದರೆ ತಾಯಿ-ಮರಿ ಬೇರೆಯಾಗುವ ಅಪಾಯ ಇದೆ. 50 ಮೀಟರಿಗೆ ನಿಲ್ಲಬೇಕು, ಮರಿ ಇದ್ದರೆ ಅದರ ಎರಡರಷ್ಟು ದೂರದಲ್ಲಿ. ನಿಂತ ಮೇಲೆ ಎಂಜಿನ್ ನ್ಯೂಟ್ರಲ್‌ನಲ್ಲಿರಲಿ. ಪಟ್ಟನೆ ಬಂದ್ ಮಾಡಿ ಪಟ್ಟನೆ ಚಾಲೂ ಮಾಡುವುದು ಬೇಡ. ಡಾಲ್ಫಿನ್‌ಗಳು ತಾವಾಗಿಯೇ ಹತ್ತಿರ ಬಂದರೆ ದೋಣಿಯನ್ನು ಅಲ್ಲಾಡಿಸದೆ ಬಿಡಿ. ಪ್ರೊಪೆಲ್ಲರ್ ತಿರುಗುತ್ತಿರಬಾರದು.

ಮುಳುಗಿದ ಜಾಗಕ್ಕೆ ಓಡುವುದನ್ನು ಬಿಟ್ಟರೆ ಅರ್ಧ ಕೆಲಸ ಆದಂತೆ. ಉಸಿರಿಗೆ ಬಂದು ಮುಳುಗಿದ ಡಾಲ್ಫಿನ್ ಒಂದೆರಡು ನಿಮಿಷ, ಕೆಲವೊಮ್ಮೆ ನಾಲ್ಕೈದು ನಿಮಿಷ ಕೆಳಗಿರುತ್ತದೆ. ಗಡಿಯಾರ ನೋಡಿ ಕಾಯಿರಿ. ಮೀನು ಹಿಡಿಯುತ್ತಿದ್ದರೆ ಸುಮಾರಾಗಿ ಅಲ್ಲೇ ಸುತ್ತಮುತ್ತ ಏಳುತ್ತದೆ. ದೋಣಿಯ ಮುಂಭಾಗವನ್ನು 12 ಗಂಟೆ ಎಂದಿಟ್ಟುಕೊಂಡು ‘ಎರಡು ಗಂಟೆಗೆ, ದೂರದಲ್ಲಿ’ ಎಂದು ಹೇಳಿದರೆ ಎಲ್ಲರಿಗೂ ಕಾಣುತ್ತದೆ. ಕೂಗಾಟ ಬೇಕಿಲ್ಲ. ಕಡಲ ಹಕ್ಕಿಗಳು ಒಂದೇ ಕಡೆ ನೀರಿಗೆ ಎರಗುತ್ತಿದ್ದರೆ ಅಲ್ಲಿ ಮೀನಿದೆ, ಕಣ್ಣು ಅಲ್ಲಿರಲಿ.

ಪ್ರಾಣಿಗೆ ನಾವು ಬೇಡವಾಗಿದ್ದೇವೆ ಎಂಬುದು ಅದರ ನಡೆಯಲ್ಲೇ ತಿಳಿಯುತ್ತದೆ. ಚದುರಿದ್ದವು ಒತ್ತಾಗಿ ಕೂಡುವುದು, ಮುಳುಗುವ ಹೊತ್ತು ಉದ್ದವಾಗುತ್ತಾ ಹೋಗುವುದು, ಮೇಲಿಂದ ಮೇಲೆ ದಿಕ್ಕು ಬದಲಿಸುವುದು, ಬಾಲದಿಂದ ನೀರಿಗೆ ಫಟಾರನೆ ಬಡಿಯುವುದು, ತಾಯಿ ಮರಿಯನ್ನು ದೋಣಿಯ ಆಚೆ ಬದಿಗೆ ಹಾಕಿಕೊಳ್ಳುವುದು. ಬಾಲ ಬಡಿದಾಗ ನಮ್ಮವರು ಚಪ್ಪಾಳೆ ತಟ್ಟುತ್ತಾರೆ. ಅದು ಆಟವಲ್ಲ. ಆಗ ಮೆಲ್ಲಗೆ ಹಿಂದೆ ಸರಿಯಬೇಕು. ಎಲ್ಲಾ ಸರಿಯಿದ್ದರೂ ಒಂದು ಗುಂಪಿನ ಹತ್ತಿರ 15-20 ನಿಮಿಷ ಸಾಕು. ಬಿಸ್ಕೀಟು, ಮಂಡಕ್ಕಿ ಎಸೆಯುವುದು, ಸೀಟಿ ಹೊಡೆಯುವುದು, ಡ್ರೋನ್ ಇಳಿಸುವುದು ಯಾವುದೂ ಬೇಡ.

ವಿದೇಶ ಪ್ರವಾಸಕ್ಕೆ ಹೋಗುವ ನಮ್ಮ ಊರಿನವರಿಗೂ ಒಂದು ಮಾತು. ಭಾರತದ ಕಡಲಲ್ಲಿ, ನೀರಿನಲ್ಲಿ ಮೀನು ಹಿಡಿದು ಬಂಡೆಯ ಮೇಲೆ ಮಲಗುವ ಸಸ್ತನಿಗಳಾದ ಸೀಲ್‌ಗಳಿಲ್ಲ, ಹಾಗಾಗಿ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದಲ್ಲಿ ಫರ್ ಸೀಲ್ ನೋಡುವ ದೋಣಿಗೆ ಎಲ್ಲರೂ ಆಸೆಯಿಂದ ಹತ್ತುತ್ತಾರೆ. ಕೇಪ್‌ಟೌನ್ ಹತ್ತಿರದ ಹೌಟ್ ಬೇಯಿಂದ ಡೈಕರ್ ನಡುಗಡ್ಡೆಗೆ, ಮೆಲ್ಬರ್ನ್ ಕಡೆಯ ಫಿಲಿಪ್ ದ್ವೀಪದಿಂದ ಸೀಲ್ ರಾಕ್ಸ್‌ಗೆ ಇಂಥ ದೋಣಿಗಳಿವೆ. ಅಲ್ಲಿ ಪ್ರಾಣಿ ಬಂಡೆಯ ಮೇಲೇ ಮಲಗಿರುತ್ತದೆ, ಕಾಣುವುದು ಹೆಚ್ಚೂಕಡಿಮೆ ಖಚಿತ. ಹುಡುಕಾಟ ಇಲ್ಲದಿದ್ದರೂ ತೀರಾ ಹತ್ತಿರ ಹೋಗುವ ಚಪಲ ಅಲ್ಲೂ ಇದೆ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಮರಿ ಹಾಕುವ ಬಂಡೆಗಳ ಹತ್ತಿರ ಎಂಜಿನ್ ಜೋರು ಮಾಡಿದರೆ, ಹಾರ್ನ್ ಹೊಡೆದರೆ ದೊಡ್ಡವೆಲ್ಲ ಒಮ್ಮೆಲೇ ನೀರಿಗೆ ನುಗ್ಗುತ್ತವೆ. ಸರಿಯಾಗಿ ಈಜು ಬಾರದ ಕರಿಮೈಯ ಮರಿಗಳು ಆ ನೂಕಾಟದಲ್ಲಿ ಜಜ್ಜಿಹೋಗುತ್ತವೆ, ಇಲ್ಲವೇ ಅಲೆಗೆ ಸಿಗುತ್ತವೆ. ಮಲಗಿದ್ದ ಸೀಲ್‌ಗಳು ತಲೆ ಎತ್ತಿ ದೋಣಿಯತ್ತ ನೋಡಲು ಶುರುಮಾಡಿದವೆಂದರೆ ಅಲ್ಲಿಗೇ ನಿಲ್ಲಬೇಕು, ಎದ್ದು ಕೂತವೆಂದರೆ ಹಿಂದೆ ಸರಿಯಬೇಕು. ನೀರಿನಲ್ಲಿ ಒಂದು ಕೈರೆಕ್ಕೆ ಮೇಲೆತ್ತಿ ತೇಲುತ್ತಿರುವುದು ಕಂಡರೆ ಗಾಬರಿ ಬೇಡ, ಮೈಯ ಬಿಸಿ ಹದಮಾಡಿಕೊಳ್ಳಲು ಅವು ಹಾಗೆ ಮಾಡುತ್ತವೆ. ದಕ್ಷಿಣ ಆಫ್ರಿಕಾದ ಕರಾವಳಿಯ ಸೀಲ್‌ಗಳಲ್ಲಿ 2024ರಲ್ಲಿ ರೇಬೀಸ್ ಇರುವುದು ಖಚಿತವಾಗಿದೆ. ಬಂದರಿನ ಮೆಟ್ಟಿಲ ಮೇಲೆ ಮಲಗಿದ ಸೀಲ್ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯಲೇಬೇಡಿ. ಕಚ್ಚಿದರೆ ನಾಯಿ ಕಚ್ಚಿದಾಗಿನಂತೆಯೇ ಸೋಪು-ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ನ್ಯೂಜಿಲೆಂಡಿನಲ್ಲಿ 1992ರ ನಿಯಮಗಳ ಪ್ರಕಾರ ಡಾಲ್ಫಿನ್, ಸೀಲ್‌ನಂಥ ಪ್ರಾಣಿಗಳ 300 ಮೀಟರ್ ಒಳಗೆ ಒಂದೇ ಹೊತ್ತಿಗೆ ಮೂರಕ್ಕಿಂತ ಹೆಚ್ಚು ದೋಣಿ ಇರುವಂತಿಲ್ಲ. ಈ ಒಂದು ನಿಯಮ ನಮ್ಮ ಗೋಕರ್ಣಕ್ಕೂ ಕಾರವಾರಕ್ಕೂ ಬಂದರೆ ಸಾಕಷ್ಟು ಬದಲಾಗುತ್ತದೆ ಎಂದು ನಮ್ಮ ಬಲವಾದ ನಂಬಿಕೆ.

ದೂರದಿಂದ ನೋಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಗದಗಿನ ಜನ ದಂಡೆಯಲ್ಲೇ ನಿಂತು ನೋಡುತ್ತಾರೆ, ನೀರಿಗಿಳಿದು ಅಟ್ಟುವುದಿಲ್ಲ. ಮಾಗಡಿ ಕೆರೆ, ಗೋಕರ್ಣದ ಪಕ್ಕದ ಅಘನಾಶಿನಿ ಅಳಿವೆ ಎರಡೂ 2024ರ ಜನವರಿಯಲ್ಲಿ ಒಟ್ಟಿಗೇ ಜಾಗತಿಕ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದವು. ಕೆರೆಯಲ್ಲಿ ಪಾಲಿಸುವ ಮರ್ಯಾದೆಯನ್ನು ಕಡಲಿನಲ್ಲೂ ಪಾಲಿಸಬಹುದು.

ಇನ್ನು ಜೀವದ ಮಾತು. 2019ರ ಜನವರಿ 21ರಂದು ಕೂರ್ಮಗಡ ನಡುಗಡ್ಡೆಯ ಜಾತ್ರೆ ಮುಗಿಸಿ ಕಾರವಾರಕ್ಕೆ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ನಮ್ಮ ಹಾವೇರಿ ಜಿಲ್ಲೆಯವರೂ ಇದ್ದರು. ಅದನ್ನು ಈ ಭಾಗದ ಯಾರೂ ಮರೆಯಬಾರದು. ಡಾಲ್ಫಿನ್ ನೋಡುವ ದೋಣಿಯಲ್ಲಿ ಒಂದು ವಿಶೇಷ ಅಪಾಯ ಇದೆ: ‘ಅಗೋ ಅಲ್ಲಿ’ ಎಂದ ಕೂಡಲೇ ಎಲ್ಲರೂ ಎದ್ದು ಒಂದೇ ಬದಿಗೆ ವಾಲುತ್ತಾರೆ. ಚಿಕ್ಕ ಫೈಬರ್ ದೋಣಿಯಲ್ಲಿ ಆರೇಳು ಜನ ಒಮ್ಮೆಲೇ ಒಂದು ಅಂಚಿಗೆ ಹೋದರೆ ಆ ಬದಿ ನೀರಿನ ಮಟ್ಟಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಪಕ್ಕದ ದೋಣಿಯ ಅಲೆ ಬಂದು ಬಡಿದರೆ ನೀರು ಒಳಗೆ ಬರುತ್ತದೆ. ಆದ್ದರಿಂದ ನೋಡುವುದು ಕೂತಲ್ಲಿಂದಲೇ. ಬೇಕಾದರೆ ದೋಣಿಯವನು ದೋಣಿಯನ್ನು ತಿರುಗಿಸಿ ತೋರಿಸಲಿ.

ಲೈಫ್ ಜಾಕೆಟ್ ಹೆಗಲಿಗೆ ನೇತುಹಾಕಿಕೊಂಡರೆ ಆಗಲಿಲ್ಲ. ಎಲ್ಲಾ ಕ್ಲಿಪ್ಪು ಹಾಕಿ, ಪಟ್ಟಿ ಎಳೆದು, ಬೇರೊಬ್ಬರು ಜಾಕೆಟ್ಟಿನ ಎರಡೂ ಭುಜ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅದು ಗದ್ದ, ಕಿವಿಯವರೆಗೆ ಏರಿದರೆ ಅಳತೆ ದೊಡ್ಡದು, ನೀರಿಗೆ ಬಿದ್ದರೆ ಮೈಯಿಂದ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ದೊಡ್ಡವರದ್ದು ಹಾಕಿಸಲೇಬಾರದು. ತೊಡೆಸಂದಿನ ಪಟ್ಟಿ ಇರುವ ಚಿಕ್ಕ ಅಳತೆಯದ್ದು ಇಲ್ಲವೆಂದರೆ ಆ ದೋಣಿ ಬೇಡ. ಸೀರೆ ಉಟ್ಟವರು ಸೆರಗನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿಕೊಳ್ಳಲಿ. ಎಷ್ಟು ಜನರ ದೋಣಿ ಎಂದು ಹತ್ತುವ ಮೊದಲೇ ಕೇಳಿ, ಎಣಿಸಿ. ‘ಸಣ್ಣ ಹುಡುಗ, ತೊಡೆ ಮೇಲೆ ಕೂರ್ತಾನೆ’ ಎಂಬ ಲೆಕ್ಕ ನೀರಿಗೆ ಗೊತ್ತಾಗುವುದಿಲ್ಲ.

ಹೊತ್ತಿನ ವಿಷಯ. ಅಕ್ಟೋಬರಿನಿಂದ ಮೇ ನಡುವೆ, ಅದರಲ್ಲೂ ನವೆಂಬರ್-ಫೆಬ್ರುವರಿಯ ಬೆಳಗಿನ ಏಳರಿಂದ ಹತ್ತು ಗಂಟೆ ಒಳ್ಳೆಯದು. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ನೀರಿನ ಮೇಲೆ ಬಿಳಿನೊರೆ ಒಡೆಯತೊಡಗಿದರೆ ಬೂದು ಬೆನ್ನು ಅದರಲ್ಲಿ ಕಾಣುವುದಿಲ್ಲ, ದೋಣಿಯೂ ಕುಣಿಯುತ್ತದೆ. ಹುಬ್ಬಳ್ಳಿಯಿಂದ ಕಾರವಾರ ನಾಲ್ಕು ತಾಸಿನ ದಾರಿ. ಬೆಳಿಗ್ಗೆ ಹೊರಟು, ದಾರಿಯಲ್ಲಿ ಗಿರ್ಮಿಟ್-ಮಿರ್ಚಿ ತಿಂದು, ಘಟ್ಟದ ತಿರುವಿನಲ್ಲಿ ತಲೆ ಸುತ್ತಿಸಿಕೊಂಡು ನೇರ ದೋಣಿ ಹತ್ತಿದರೆ ಅರ್ಧ ಜನಕ್ಕೆ ವಾಂತಿ ತಪ್ಪಿದ್ದಲ್ಲ. ಹಿಂದಿನ ರಾತ್ರಿಯೇ ಹೋಗಿ ತಂಗಿ, ಬೆಳಿಗ್ಗೆ ಎರಡು ಇಡ್ಲಿಯಷ್ಟು ಹಗುರ ತಿಂಡಿ ಮಾಡಿ. ವಾಂತಿ ತಡೆಯುವ ಗುಳಿಗೆ ವೈದ್ಯರನ್ನು ಕೇಳಿ ತೊಗೊಳ್ಳುವುದಾದರೆ ದೋಣಿ ಹತ್ತುವುದಕ್ಕೆ ಅರ್ಧ ತಾಸಾದರೂ ಮುಂಚೆ ನುಂಗಬೇಕು. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊಬೈಲ್ ಪರದೆ ನೋಡುತ್ತಾ ಕೂರಬೇಡಿ, ಕಣ್ಣು ದೂರದ ದಿಗಂತದ ಮೇಲಿರಲಿ. ದೋಣಿಯ ಹಿಂಭಾಗದ ನಡುವೆ ಕುಲುಕಾಟ ಕಡಿಮೆ. ದುರ್ಬೀನು ಒಯ್ಯುವುದಾದರೆ 7 ಅಥವಾ 8 ಪಟ್ಟಿನದ್ದು ಸಾಕು. 10 ಪಟ್ಟಿನದ್ದು ದೋಣಿಯಲ್ಲಿ ನಡುಗಿ ಏನೂ ಕಾಣಿಸದು.

ಸಂಬಂಧಪಟ್ಟ ಇಲಾಖೆಗಳಲ್ಲಿ ನಮ್ಮ ಕೋರಿಕೆ ಹೆಚ್ಚಿಲ್ಲ. ದೋಣಿ ಹತ್ತುವ ಜಾಗದಲ್ಲಿ ದೂರ, ವೇಗ, ಜನರ ಮಿತಿ ಬರೆದ ಕನ್ನಡದ ಫಲಕ ಹಾಕಲಿ. ಒಂದು ಗುಂಪಿನ ಹತ್ತಿರ ಸರದಿಯಂತೆ ಎರಡು ಮೂರು ದೋಣಿ ಮಾತ್ರ ಹೋಗುವಂತೆ ಟೋಕನ್ ಕೊಡಲಿ. ದರ ‘ಡಾಲ್ಫಿನ್’ ಲೆಕ್ಕದಲ್ಲಿ ಬೇಡ, ತಾಸಿನ ಲೆಕ್ಕದಲ್ಲಿ ನಿಗದಿಯಾಗಲಿ. ಕಂಡರೂ ಕಾಣದಿದ್ದರೂ ದೋಣಿಯವನ ದುಡಿಮೆ ಸಿಗುವಂತಿದ್ದರೆ ಅವನಿಗೆ ಅಟ್ಟಿಕೊಂಡು ಹೋಗುವ ಕಾರಣವೇ ಇರುವುದಿಲ್ಲ. ಪೆಟ್ರೋಲು ಉಳಿಯುವುದೂ ಅವನಿಗೇ.

ಅವಳಿನಗರದ ಪ್ರವಾಸ ಏಜೆಂಟರು, ಶಾಲೆಯ ಮುಖ್ಯೋಪಾಧ್ಯಾಯರು ಅದಕ್ಕಾಗಿ ಕಾಯಬೇಕಿಲ್ಲ. ಈ ಡಿಸೆಂಬರಿನ ಪ್ರವಾಸಕ್ಕೆ ಫೋನ್ ಮಾಡುವಾಗ ‘ಡಾಲ್ಫಿನ್ ಗ್ಯಾರಂಟಿ ಐತೇನ್ರಿ?’ ಎಂದು ಕೇಳುವ ಬದಲು ಇಷ್ಟು ಕೇಳಲಿ: ದೋಣಿಗೆ ಪರವಾನಗಿ ಐತೇನು, ಎಷ್ಟು ಜನ ಹತ್ತಬಹುದು, ಮಕ್ಕಳ ಅಳತೆಯ ಜಾಕೆಟ್ ಎಷ್ಟಿವೆ, ಬೆಳಿಗ್ಗೆ ಎಷ್ಟಕ್ಕೆ ಹೊರಡುತ್ತೀರಿ, 50 ಮೀಟರ್ ದೂರದಲ್ಲಿ ನಿಲ್ಲುತ್ತೀರಾ. ತಾಸಿನ ದುಡ್ಡು ಪೂರ್ತಿ ಕೊಡುತ್ತೇವೆ, ಕಾಣದಿದ್ದರೆ ವಾಪಸ್ ಕೇಳುವುದಿಲ್ಲ ಎಂಬುದನ್ನೂ ಆಗಲೇ ಹೇಳಿಬಿಡಲಿ.

— ಹುಬ್ಬಳ್ಳಿ-ಧಾರವಾಡದ ಕೆಲವು ವನ್ಯಜೀವಿ ಆಸಕ್ತರು